ವಿಮಾನದ ಎಣ್ಣೆ ತುಟ್ಟಿಯಾದರೆ ಪೈಲಟ್ ಸಂಬಳ ಏನಾಗುತ್ತೆ?

ಪ್ರಶ್ನೆ ಕಳಿಸಿದವರ ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇನೆ. ನಾನು ಹದಿನೆಂಟು ವರ್ಷ ವಿಮಾನ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಕೂತು ಬಂದವನು, ವಿಮಾನ ಹಾರಿಸಿದವನಲ್ಲ. ಹಾಗಾಗಿ ಇಲ್ಲಿ ಆಕಾಶದ ಮಾತು ಕಡಿಮೆ, ಬಿಲ್ಲಿನ ಮಾತು ಜಾಸ್ತಿ.

ಪೈಲಟ್‌ಗಳಿಗೆ ತಿಂಗಳಿಗೆ ಐದಾರು ಲಕ್ಷ ಸಂಬಳವಂತೆ. ಎಣ್ಣೆ ತುಟ್ಟಿಯಾಯಿತು, ನಷ್ಟ ಆಯಿತು ಅಂತ ಕಂಪನಿಗಳು ಅಳುತ್ತವೆ. ಆ ಸಂಬಳ ಸ್ವಲ್ಪ ಇಳಿಸಿದರೆ ಟಿಕೆಟ್ ಅಗ್ಗ ಆಗಲ್ವಾ?
– ಗಂಜ್‌ನ ಧಾನ್ಯ ವ್ಯಾಪಾರಿ, ಕಲಬುರಗಿ

ಸಾಹುಕಾರ್ರೇ, ನೀವು ದಿನಾ ಅಂಗಡಿಯಲ್ಲಿ ಮಾಡುವ ಲೆಕ್ಕವನ್ನೇ ಇಲ್ಲೂ ಮಾಡೋಣ. 180 ಸೀಟಿನ ಏರ್‌ಬಸ್ ಎ320 ಒಂದು ಗಂಟೆ ಹಾರಿದರೆ ಹತ್ತಿರ ಹತ್ತಿರ ಎರಡೂವರೆ ಟನ್ ಎಣ್ಣೆ ಕುಡಿಯುತ್ತದೆ. ಅಂದರೆ ಸುಮಾರು 3,000 ಲೀಟರ್. ಲೀಟರಿಗೆ 90 ರೂಪಾಯಿ ಅಂತ ಹಿಡಿಯಿರಿ, 2 ಲಕ್ಷ 70 ಸಾವಿರ ಆಯಿತು. ವಿಮಾನ ತುಂಬಿದ್ದರೆ ಸೀಟಿಗೆ 1,500 ರೂಪಾಯಿ.

ಈಗ ಪೈಲಟ್ ಕಡೆ ಬನ್ನಿ. ಕ್ಯಾಪ್ಟನ್‌ಗೆ 6 ಲಕ್ಷ, ಪಕ್ಕದಲ್ಲಿ ಕೂರುವ ಫಸ್ಟ್ ಆಫೀಸರ್‌ಗೆ ಎರಡೂವರೆ ಲಕ್ಷ, ಇಬ್ಬರೂ ತಿಂಗಳಿಗೆ 70 ಗಂಟೆ ಹಾರುತ್ತಾರೆ ಅಂತ ಇಟ್ಟುಕೊಳ್ಳಿ. ಇಬ್ಬರೂ ಸೇರಿ ಗಂಟೆಗೆ 12 ಸಾವಿರ ಚಿಲ್ಲರೆ. ಸೀಟಿಗೆ 67 ರೂಪಾಯಿ! ಅವರ ಸಂಬಳದಲ್ಲಿ ಕಾಲು ಭಾಗ ಕತ್ತರಿಸಿದರೂ ನಿಮಗೆ ಉಳಿಯೋದು 17 ರೂಪಾಯಿ. ಅದೇ ಎಣ್ಣೆ ಲೀಟರಿಗೆ ಹತ್ತು ರೂಪಾಯಿ ಏರಿದರೆ ಸೀಟಿನ ಮೇಲೆ 167 ರೂಪಾಯಿ ಬೀಳುತ್ತದೆ. ತೊಗರಿ ರೇಟು ಕ್ವಿಂಟಲ್‌ಗೆ ಸಾವಿರ ಏರಿದಾಗ ಹಮಾಲಿ ಕಡಿಮೆ ಮಾಡಿ ದಾಲ್ ಮಿಲ್ ಉಳಿಸುತ್ತೇನೆ ಅಂದ ಹಾಗೆ ಇದು.

ಎಣ್ಣೆ ವಿಷಯದಲ್ಲಿ ಕಂಪನಿಯ ಕೈಯಲ್ಲಿ ಇರೋದೂ ಅಷ್ಟಕ್ಕಷ್ಟೆ. ವಿಮಾನದ ಎಣ್ಣೆಗೆ ಎಟಿಎಫ್ ಅಂತಾರೆ. ಪ್ರತಿ ತಿಂಗಳು ಒಂದನೇ ತಾರೀಖು ಅದರ ದರ ಬದಲಾಗುತ್ತದೆ. 2022ರ ಜೂನ್‌ನಲ್ಲಿ ದಿಲ್ಲಿಯಲ್ಲಿ ಸಾವಿರ ಲೀಟರಿಗೆ 1.41 ಲಕ್ಷ ದಾಟಿತ್ತು. ಇದು ಪೆಟ್ರೋಲ್, ಡೀಸೆಲ್ ಥರಾ ಜಿಎಸ್‌ಟಿ ಹೊರಗೇ ಇದೆ. ಕೇಂದ್ರದ ಅಬಕಾರಿ ಸುಂಕ ಬೇರೆ, ರಾಜ್ಯದ ವ್ಯಾಟ್ ಬೇರೆ. ವ್ಯಾಟ್ ಒಂದೊಂದು ರಾಜ್ಯದಲ್ಲಿ ಒಂದೊಂದು. ಜಹೀರಾಬಾದ್ ಕಡೆಯಿಂದ ಬರುವ ಲಾರಿಯವರು ಗಡಿ ದಾಟಿ ನಮ್ಮ ಬೀದರ್ ಜಿಲ್ಲೆಯ ಪಂಪಲ್ಲಿ ಡೀಸೆಲ್ ತುಂಬಿಸಿಕೊಳ್ಳೋದು ನೀವು ನೋಡಿರಬಹುದು. ವಿಮಾನದವರೂ ಅದನ್ನೇ ಮಾಡುತ್ತಾರೆ. ಅಗ್ಗ ಇರುವ ಕಡೆಯಲ್ಲೇ, ವಾಪಸ್ ಬರುವಾಗಿನ ಎಣ್ಣೆಯನ್ನೂ ತುಂಬಿಕೊಂಡೇ ಹೊರಡುತ್ತಾರೆ. ಆದರೆ ಎಣ್ಣೆ ಹೊರೋದಕ್ಕೂ ಎಣ್ಣೆ ಬೇಕು. ಹೆಚ್ಚುವರಿ ತುಂಬಿದ್ದರಲ್ಲಿ ಗಂಟೆಗೆ ನೂರಕ್ಕೆ ಮೂರು ನಾಲ್ಕು ಪಾಲು ಅದನ್ನು ಹೊರೋದರಲ್ಲೇ ಸುಟ್ಟು ಹೋಗುತ್ತದೆ.

ನಮ್ಮ ಆಫೀಸಿಗೆ ಪ್ರತಿ ವಿಮಾನದ ಫ್ಯೂಯಲ್ ಸ್ಲಿಪ್ ಬರುತ್ತಿತ್ತು. ಒಂದು ಸಲ, ಮುಂಗಾರಿನ ದಿನ, ಒಬ್ಬ ಕ್ಯಾಪ್ಟನ್ ಲೆಕ್ಕಕ್ಕಿಂತ 300 ಕೆ.ಜಿ. ಜಾಸ್ತಿ ಹಾಕಿಸಿದ್ದರು. ನಾನು ಹೊಸಬ, ಕಾರಣ ಕೇಳಿ ಮೇಲ್ ಕಳಿಸಿದೆ. ಸ್ಲಿಪ್ಪಿನ ಫೋಟೋ ಮೇಲೆ ಪೆನ್ನಲ್ಲಿ ಒಂದೇ ಸಾಲು ಬರೆದು ವಾಪಸ್ ಕಳಿಸಿದರು: "ಮೋಡ ನೋಡಿ ಹಾಕಿಸಿದೆ, ನೀವು ಬಂದು ನೋಡಬಹುದು." ಆಮೇಲೆ ಆ ಥರದ ಮೇಲ್ ನಾನು ಕಳಿಸಲಿಲ್ಲ.

ಮಗ ಪಿಯುಸಿ ಸೈನ್ಸ್ ಮುಗಿಸಿದ್ದಾನೆ, ಪೈಲಟ್ ಆಗಬೇಕು ಅಂತ ಹಟ. ಅರವತ್ತು ಲಕ್ಷ ಬೇಕಂತೆ. ಹನ್ನೆರಡು ಎಕರೆ ಹೊಲ ಇದೆ, ಅದರ ಮೇಲೆ ಸಾಲ ತೆಗೆಯಲೇ? ಎಣ್ಣೆ ಹೀಗೇ ಏರುತ್ತಾ ಹೋದರೆ ಅವನಿಗೆ ನೌಕರಿ, ಸಂಬಳ ಇರುತ್ತಾ?
– ತೊಗರಿ ಬೆಳೆಗಾರ, ಸೇಡಂ

ಯಜಮಾನರೇ, ನಿಮ್ಮ ಪ್ರಶ್ನೆ ಓದಿ ಎರಡು ದಿನ ಸುಮ್ನೆ ಇಟ್ಟುಕೊಂಡಿದ್ದೆ. ಹೊಲದ ಮಾತು ಬಂದಿದೆ, ಬೇಗ ಬರೆಯೋಕೆ ಮನಸ್ಸಾಗಲಿಲ್ಲ.

ಮೊದಲು ಸಂಬಳ ಹೇಗೆ ಕಟ್ಟುತ್ತಾರೆ ಅಂತ ಹೇಳುತ್ತೇನೆ. ಪೈಲಟ್ ಸಂಬಳ ಸರ್ಕಾರಿ ನೌಕರನ ಸಂಬಳದ ಥರಾ ಒಂದೇ ಗಂಟಲ್ಲ. ಇಷ್ಟು ಗಂಟೆಗೆ ಇಷ್ಟು ಅಂತ ಗ್ಯಾರಂಟಿ ಹಣ ಒಂದು ಭಾಗ, ಹಾರಿದರೂ ಹಾರದಿದ್ದರೂ ಅದು ಬರುತ್ತದೆ. ಅದರ ಮೇಲೆ ಹಾರಿದರೆ ಗಂಟೆ ಲೆಕ್ಕದಲ್ಲಿ ಹೆಚ್ಚುವರಿ. ಬೇರೆ ಊರಲ್ಲಿ ರಾತ್ರಿ ಉಳಿದರೆ ಅದಕ್ಕೆ ಭತ್ಯೆ. ಎಣ್ಣೆ ಏರಿದಾಗ ಕಂಪನಿ ನೇರವಾಗಿ ಸಂಬಳಕ್ಕೆ ಕೈ ಹಾಕೋದು ಕಡಿಮೆ. ಮೊದಲು ನಷ್ಟದ ರೂಟ್ ನಿಲ್ಲಿಸುತ್ತದೆ. ರೂಟ್ ನಿಂತರೆ ಗಂಟೆ ಕಡಿಮೆ. ಗಂಟೆ ಕಡಿಮೆಯಾದರೆ ಮೇಲಿನ ದುಡ್ಡು ಹೋಯಿತು. ಸ್ಲಿಪ್ಪಲ್ಲಿ ಮೂಲ ಸಂಬಳ ಹಾಗೇ ಇರುತ್ತದೆ, ಕೈಗೆ ಬರೋದು ಮಾತ್ರ ಇಳಿದಿರುತ್ತದೆ.

ಈ ಗ್ಯಾರಂಟಿ ಗಂಟೆ ಎಷ್ಟು ಅನ್ನೋದೇ ಜಗಳದ ಮೂಲ. 2024ರ ಏಪ್ರಿಲ್‌ನಲ್ಲಿ ವಿಸ್ತಾರಾ ಕಂಪನಿ ಏರ್ ಇಂಡಿಯಾ ಜೊತೆ ಸೇರುವ ಮುಂಚೆ ಹೊಸ ಒಪ್ಪಂದ ತಂದಿತು. 70 ಗಂಟೆಗೆ ಇದ್ದ ಗ್ಯಾರಂಟಿ 40 ಗಂಟೆಗೆ ಇಳಿಯುವ ಲೆಕ್ಕ. ಪೈಲಟ್‌ಗಳು ಒಪ್ಪಲಿಲ್ಲ, ಡ್ಯೂಟಿಗೆ ಬಾರದೆ ವಿಮಾನಗಳು ರದ್ದಾದವು. ನಾಳೆ ನಿಮ್ಮ ಮಗ ಸಹಿ ಹಾಕುವಾಗ ಸಂಬಳದ ಅಂಕಿಗಿಂತ ಮೊದಲು ಆ ಗಂಟೆಯ ಅಂಕಿ ನೋಡಬೇಕು.

ಕಂಪನಿಯೇ ಮುಳುಗುವ ಭಯವೂ ಸುಳ್ಳಲ್ಲ. ಕಿಂಗ್‌ಫಿಷರ್ 2012ರಲ್ಲಿ ನಿಂತಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ಕ್ಕೆ ಕೊನೆಯ ವಿಮಾನ ಹಾರಿಸಿತು, ಅದಕ್ಕೂ ತಿಂಗಳುಗಟ್ಟಲೆ ಮುಂಚಿನಿಂದ ಪೈಲಟ್‌ಗಳಿಗೆ ಸಂಬಳ ಇರಲಿಲ್ಲ. ಗೋ ಫಸ್ಟ್ 2023ರ ಮೇನಲ್ಲಿ ನಿಂತಿತು, ಅದು ದೂರಿದ್ದು ಎಂಜಿನ್ ತಯಾರಕರನ್ನು. ಎಣ್ಣೆ ಒಂದರಿಂದಲೇ ಸತ್ತ ಕಂಪನಿ ನಾನು ನೋಡಿಲ್ಲ. ಸಾಲ, ಡಾಲರ್ ಲೆಕ್ಕದ ವಿಮಾನ ಬಾಡಿಗೆ, ನಿಂತ ಎಂಜಿನ್ನು – ಇವೆಲ್ಲ ಮೊದಲೇ ಕುತ್ತಿಗೆಗೆ ಬಂದಿರುತ್ತವೆ, ಎಣ್ಣೆ ಮೇಲಿನಿಂದ ಒಂದು ಒತ್ತು ಕೊಡುತ್ತದೆ.

ಇನ್ನೊಂದು ಕಡೆಯನ್ನೂ ಹೇಳಬೇಕಲ್ವಾ. ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮ 2025ರ ನವೆಂಬರ್ 1ರಿಂದ ಪೂರ್ತಿ ಜಾರಿಗೆ ಬಂತು. ವಾರಕ್ಕೆ 48 ಗಂಟೆ ವಿಶ್ರಾಂತಿ, ರಾತ್ರಿ ಇಳಿಸುವ ವಿಮಾನಕ್ಕೆ ಮಿತಿ. ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೋಗೆ ಪೈಲಟ್ ಸಾಲದೆ ಸಾವಿರಾರು ವಿಮಾನ ರದ್ದಾದವು. ಅಷ್ಟು ದೊಡ್ಡ ಕಂಪನಿಯೇ ಜನ ಸಾಲದೆ ನಿಂತಿದೆ ಅಂದರೆ ಅನುಭವ ಇರುವ ಪೈಲಟ್‌ಗೆ ಬೆಲೆ ಇದೆ. ಅನುಭವ ಇರುವ ಅಂದೆ. ಲೈಸೆನ್ಸ್ ಈಗಷ್ಟೇ ಕೈಗೆ ಬಂದ ಹುಡುಗನ ಕಥೆ ಬೇರೆ.

ಅವನ ದಾರಿ ಹೀಗೆ: ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಬೇಕು. 200 ಗಂಟೆ ಹಾರಾಟ, ಡಿಜಿಸಿಎ (ವಿಮಾನಯಾನದ ನಿಯಮ ನೋಡಿಕೊಳ್ಳುವ ಕೇಂದ್ರ ಸಂಸ್ಥೆ) ನಡೆಸುವ ಪರೀಕ್ಷೆಗಳು, ಆಮೇಲೆ ಕಮರ್ಷಿಯಲ್ ಲೈಸೆನ್ಸ್. ಅಲ್ಲಿಗೆ ಮುಗಿಯಲಿಲ್ಲ. ಎ320 ಹಾರಿಸಬೇಕು ಅಂದರೆ ಆ ವಿಮಾನಕ್ಕೇ ಅಂತ ಪ್ರತ್ಯೇಕ ತರಬೇತಿ, ಟೈಪ್ ರೇಟಿಂಗ್ ಅಂತಾರೆ, ಅದಕ್ಕೆ ಮತ್ತೆ ಲಕ್ಷಗಟ್ಟಲೆ. ನಿಮಗೆ ಹೇಳಿದ ಅರವತ್ತರಲ್ಲಿ ಇದು ಸೇರಿದೆಯೋ ಇಲ್ಲವೋ ಬರಹದಲ್ಲಿ ಕೇಳಿ. ಕ್ಯಾಪ್ಟನ್ ಆಗೋಕೆ ಬೇಕಾದ ಲೈಸೆನ್ಸ್‌ಗೆ 1,500 ಗಂಟೆ. ಲೈಸೆನ್ಸ್‌ಗೂ ಮೊದಲ ಸಂಬಳಕ್ಕೂ ನಡುವೆ ವರ್ಷ, ಎರಡು ವರ್ಷ ಖಾಲಿ ಕೂತವರನ್ನು ನಾನೇ ಕಂಡಿದ್ದೇನೆ. 60 ಲಕ್ಷಕ್ಕೆ ನೂರಕ್ಕೆ 11ರ ಬಡ್ಡಿ ಹಿಡಿದರೆ ತಿಂಗಳಿಗೆ ಬಡ್ಡಿಯೇ 55 ಸಾವಿರ. ಆ ಖಾಲಿ ದಿನಗಳಲ್ಲಿ ಅದನ್ನು ಕಟ್ಟೋದು ಹುಡುಗ ಅಲ್ಲ, ನಿಮ್ಮ ತೊಗರಿ ರಾಶಿ.

ಹಾಗಾಗಿ ನನ್ನ ಮಾತು: ಹನ್ನೆರಡು ಎಕರೆಯನ್ನೂ ಇಡಬೇಡಿ. ಯಾವ ಶಾಲೆಗೂ ಅಡ್ವಾನ್ಸ್ ಕೊಡುವ ಮುಂಚೆ ಡಿಜಿಸಿಎ ವೈದ್ಯಕೀಯ ಪರೀಕ್ಷೆ ಮಾಡಿಸಿ. ಮೊದಲು ಕ್ಲಾಸ್ 2 ಅನ್ನೋ ಆರಂಭದ ತಪಾಸಣೆ, ಆಮೇಲೆ ಕಮರ್ಷಿಯಲ್ ಲೈಸೆನ್ಸ್‌ಗೆ ಬೇಕಾದ ಕ್ಲಾಸ್ 1. ಕಣ್ಣಿನ ಬಣ್ಣದ ದೋಷ ಅಲ್ಲಿ ಸಿಕ್ಕಿಬಿದ್ದರೆ ಕೆಲವು ಸಾವಿರದಲ್ಲಿ ಮುಗಿಯಿತು, ಹೊಲ ಉಳಿಯಿತು. ಪರೀಕ್ಷೆಯ ಪುಸ್ತಕಗಳನ್ನು ಮನೆಯಲ್ಲೇ ಕೂತು ಆರು ತಿಂಗಳು ಓದಲಿ, ಹಟ ಎಷ್ಟು ಗಟ್ಟಿ ಅಂತ ಗೊತ್ತಾಗುತ್ತೆ. ಊರು ಬಿಟ್ಟು ದೂರ ಹೋಗಬೇಕು ಅಂತಲೂ ಇಲ್ಲ. 2021ರಲ್ಲಿ ಹಾರಾಟ ತರಬೇತಿ ಶಾಲೆಗೆ ಅಂತ ಆರಿಸಿದ ಐದು ವಿಮಾನ ನಿಲ್ದಾಣಗಳಲ್ಲಿ ಕಲಬುರಗಿಯೂ ಒಂದು. ಒಂದು ದಿನ ಮಗನನ್ನು ಕರೆದುಕೊಂಡು ಆ ನಿಲ್ದಾಣ ಇರುವ ಸರಡಗಿ ಕಡೆ ಹೋಗಿ ಬನ್ನಿ, ಅಲ್ಲಿ ಕಲಿಯುವ ಹುಡುಗರನ್ನೇ ಕೇಳಿ, ತಿಂಗಳಿಗೆ ಎಷ್ಟು ಗಂಟೆ ಹಾರೋಕೆ ಸಿಗುತ್ತೆ ಅಂತ. ಫೀಸಿಗಿಂತ ಆ ಉತ್ತರ ಮುಖ್ಯ. ಇನ್ನು, ಹಾರೋದೇ ಆಸೆ ಅಂದರೆ ಸೇನೆಯ ಅಧಿಕಾರಿಗಳನ್ನು ತಯಾರು ಮಾಡುವ ಎನ್‌ಡಿಎ ಅಕಾಡೆಮಿಯ ಪರೀಕ್ಷೆ ಬರೆಯಲಿ. ಬೀದರಿನ ವಾಯುನೆಲೆಯಲ್ಲಿ ಹಾಕ್ ವಿಮಾನದಲ್ಲಿ ಕಲಿಯುವ ಹುಡುಗರ ಅಪ್ಪಂದಿರು ಹೊಲ ಅಡ ಇಟ್ಟಿಲ್ಲ.

2020ರಲ್ಲಿ ಕಚ್ಚಾ ತೈಲ ನೆಲಕಚ್ಚಿತ್ತು. ಎಣ್ಣೆ ಅಗ್ಗ ಆದಾಗ ಪೈಲಟ್ ಸಂಬಳ ಏರಬೇಕಿತ್ತಲ್ವಾ? ಆಗಲೇ ಯಾಕೆ ಕತ್ತರಿಸಿದರು?
– ಬಿ.ಕಾಂ ವಿದ್ಯಾರ್ಥಿ, ಯಾದಗಿರಿ

ತಮ್ಮಾ, ಆ ವರ್ಷ ಮಾರ್ಚ್ 25ರಿಂದ ಮೇ 24ರವರೆಗೆ ದೇಶದೊಳಗೆ ಪ್ರಯಾಣಿಕರ ವಿಮಾನವೇ ಹಾರಲಿಲ್ಲ. ಅಗ್ಗದ ಎಣ್ಣೆ ಯಾರಿಗೆ ಬೇಕಿತ್ತು? ಹಾರದ ವಿಮಾನಕ್ಕೆ ಎಣ್ಣೆ ಖರ್ಚಿಲ್ಲ, ಬಾಡಿಗೆ ಮಾತ್ರ ತಪ್ಪಲ್ಲ. ಆಗ ಕೈಗೆ ಸಿಕ್ಕ ದೊಡ್ಡ ಖರ್ಚು ಅಂದರೆ ಸಂಬಳವೇ. ಎಣ್ಣೆ ದರಕ್ಕಿಂತ ಸೀಟು ತುಂಬುತ್ತೋ ಇಲ್ಲವೋ ಅನ್ನೋದರ ಮೇಲೆ ಸಂಬಳ ನಿಂತಿದೆ. ಟಿಕೆಟ್ ದರವೂ ಅಷ್ಟೇ. ದೀಪಾವಳಿಗೆ ಬೆಂಗಳೂರಿಂದ ಬರುವ ಖಾಸಗಿ ಬಸ್ ಟಿಕೆಟ್ ಡೀಸೆಲ್ ನೋಡಿ ಏರುತ್ತಾ?

ಬೀದರಿಂದ ಬೆಂಗಳೂರಿಗೆ ವಿಮಾನ ಬರುತ್ತೆ, ನಿಲ್ಲುತ್ತೆ, ಮತ್ತೆ ಬರುತ್ತೆ. ಅಮ್ಮನನ್ನು ಮೂರು ತಿಂಗಳಿಗೊಮ್ಮೆ ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕು. ವಿಮಾನ ನಂಬಬಹುದಾ?
– ಶಾಲಾ ಶಿಕ್ಷಕಿ, ಬೀದರ್

ಅಕ್ಕೋರೇ, 2020ರ ಫೆಬ್ರವರಿಯಲ್ಲಿ ಶುರುವಾಗಿದ್ದು ನಿಂತಿತು. 2022ರಲ್ಲಿ ಇನ್ನೊಂದು ಕಂಪನಿ ಬಂತು, 2023ರ ಕೊನೆಗೆ ಅದೂ ನಿಂತಿತು. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಕೈ ಹಿಡಿದ ಮೇಲೆ ಮತ್ತೆ ಹಾರಿತು. ಇದಕ್ಕೆ ಕಾರಣ, ಸಣ್ಣ ಊರುಗಳಿಗೆ ವಿಮಾನ ತರೋಕೆ ಅಂತ ಕೇಂದ್ರ ಮಾಡಿದ ಉಡಾನ್ ಯೋಜನೆಯ ಲೆಕ್ಕದಲ್ಲೇ ಇದೆ. ಅರ್ಧದಷ್ಟು ಸೀಟನ್ನು ಕಡಿಮೆ ದರಕ್ಕೆ ಕೊಡಬೇಕು, ಅದರ ಕೊರತೆಯನ್ನು ಸರ್ಕಾರ ತುಂಬಿಕೊಡುತ್ತದೆ, ಎಣ್ಣೆ ಮೇಲಿನ ತೆರಿಗೆಯೂ ಕಡಿಮೆ. ಆದರೆ ಕೊರತೆ ತುಂಬೋದು ಮೂರೇ ವರ್ಷ. ಮೂರು ವರ್ಷದಲ್ಲಿ ರೂಟ್ ತನ್ನ ಕಾಲ ಮೇಲೆ ನಿಲ್ಲಬೇಕು ಅನ್ನೋದು ಅವರ ಆಸೆ.

ಯಾಕೆ ನಿಲ್ಲಲ್ಲ ನೋಡಿ. 70 ಸೀಟಿನ ಪಂಖದ ವಿಮಾನ, ಎಟಿಆರ್, ಗಂಟೆಗೆ ಸುಮಾರು 800 ಲೀಟರ್ ಕುಡಿಯುತ್ತದೆ. ಅದೇ 90 ರೂಪಾಯಿ ಹಿಡಿದರೆ 72 ಸಾವಿರ. ತುಂಬಿದ್ದರೆ ಸೀಟಿಗೆ ಸಾವಿರದ ಚಿಲ್ಲರೆ, ನಲವತ್ತೇ ಜನ ಹತ್ತಿದರೆ ತಲೆಗೆ 1,800. ಐವತ್ತು ಸೀಟಿನ ಜೆಟ್ ಆದರೆ ಇನ್ನೂ ಜಾಸ್ತಿ. 180 ಸೀಟಿಗೂ ಪೈಲಟ್ ಇಬ್ಬರೇ, ಐವತ್ತು ಸೀಟಿಗೂ ಇಬ್ಬರೇ. ಸಣ್ಣ ಕಂಪನಿ ಪೈಲಟ್‌ಗೆ ಗಂಟೆ ತುಂಬಿಸಿ ಕೊಡುತ್ತದೆ, ಗಂಟೆ ತುಂಬಿದ ಮೇಲೆ ಅವನು ದೊಡ್ಡ ಕಂಪನಿಗೆ ಹೋಗುತ್ತಾನೆ. ಬಿಡಬೇಕು ಅಂದರೆ ಕ್ಯಾಪ್ಟನ್ ಒಂದು ವರ್ಷ, ಫಸ್ಟ್ ಆಫೀಸರ್ ಆರು ತಿಂಗಳು ನೋಟಿಸ್ ಕೊಡಬೇಕು ಅಂತ 2017ರಲ್ಲೇ ನಿಯಮ ಆಗಿದೆ. ಆದರೂ ಹೋಗುವವರು ಹೋಗುತ್ತಾರೆ. ಎಣ್ಣೆ ಏರಿದ ತಿಂಗಳು, ಇರುವ ಒಂದು ವಿಮಾನ, ಇಬ್ಬರು ಪೈಲಟ್‌ಗಳನ್ನು ಎಲ್ಲಿ ಹಾರಿಸೋದು ಅಂತ ಮೀಟಿಂಗ್ ಕೂರುತ್ತೆ. ಆ ಮೀಟಿಂಗ್‌ಗಳಲ್ಲಿ ನಾನು ಕೂತಿದ್ದೇನೆ. ಪೈಲಟ್ ಸಂಬಳ ಕತ್ತರಿಸೋಣ ಅಂದವರು ಯಾರೂ ಇಲ್ಲ, ಅವನು ಹೊರಟೇ ಹೋಗುತ್ತಾನೆ ಅಂತ ಎಲ್ಲರಿಗೂ ಗೊತ್ತು. ಪಟ್ಟಿಯ ಕೆಳಗಿನ ಊರಿನ ಹೆಸರಿಗೆ ಗೆರೆ ಎಳೆಯುತ್ತಾರೆ. ನಮ್ಮ ಕಡೆಯ ಊರುಗಳ ಹೆಸರು ಅಲ್ಲಿ ನೋಡಿದಾಗ ಚಹಾ ಕಪ್ಪು ಕೆಳಗಿಟ್ಟಿದ್ದು ನೆನಪಿದೆ.

ನಿಮ್ಮ ವಿಷಯಕ್ಕೆ ಬರುತ್ತೇನೆ. ವಿಮಾನಗಳ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಬದಲಾಗುತ್ತದೆ. ರೂಟ್ ಕೈಬಿಡೋದು ಹೆಚ್ಚಾಗಿ ಆ ಹೊತ್ತಿಗೇ. ಡಾಕ್ಟರ್ ಕೊಟ್ಟ ತಾರೀಖು ಆ ಭಾನುವಾರದ ಆಚೆಗೆ ಬಿದ್ದರೆ, ವಿಮಾನದ ಟಿಕೆಟ್ ಜೊತೆಗೆ ಯಶವಂತಪುರ ರೈಲಿನ ಕೆಳಗಿನ ಬರ್ತನ್ನೂ ಕಾಯ್ದಿರಿಸಿ. ವಿಮಾನ ಹೊರಡುತ್ತೆ ಅಂತ ಖಾತ್ರಿ ಆದ ಮೇಲೆ ರೈಲಿನದ್ದು ರದ್ದು ಮಾಡಿ, ಸ್ವಲ್ಪ ದುಡ್ಡು ಹೋಗುತ್ತೆ ಅಷ್ಟೆ. ಅಮ್ಮನಿಗೆ ವೀಲ್‌ಚೇರ್ ಬೇಕಿದ್ದರೆ ಟಿಕೆಟ್ ಮಾಡುವಾಗಲೇ ಬರೆಸಿ.