ಹೋದ ದಾರಿ ಬೇರೆ, ಬರುವ ದಾರಿ ಬೇರೆ

ಹೋದ ತಿಂಗಳು ಮಲೆನಾಡಿನ ಕಾಲುದಾರಿಗಳ ಬಗ್ಗೆ ಇಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದನ್ನು ಓದಿ ತುಂಬಾ ಜನ ಪ್ರಶ್ನೆ ಕಳಿಸಿದ್ದಾರೆ. ಐದು ಪ್ರಶ್ನೆ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೇ ಜಾಸ್ತಿ ಜಾಗ ಹೋಗಿದೆ, ಉಳಿದವರು ಕೇಳಿದ್ದರಲ್ಲಿ ಅರ್ಧ ಅದರೊಳಗೇ ಇದೆ.

ಪ್ರಶ್ನೆ: ನಾವು ನಾಲ್ಕು ಜನ ಸ್ನೇಹಿತರು, ಎಲ್ಲರಿಗೂ ಐವತ್ತರ ಆಸುಪಾಸು. ವರ್ಷಕ್ಕೆರಡು ಸಲ ಮಲೆನಾಡಿಗೆ ಬರುತ್ತೇವೆ. ಆಗುಂಬೆ, ಕುಂದಾದ್ರಿ, ಜೋಗ ಎಲ್ಲ ಆಯಿತು. ಕಾರಿಳಿದು ಫೋಟೊ ತೆಗೆದು ಮತ್ತೆ ಕಾರು ಹತ್ತುವುದೇ ಆಗುತ್ತಿದೆ. ಒಂದು ದಿನ ಪೂರ್ತಿ ನಡೆಯಬೇಕು. ಗುಡ್ಡ, ಕಾಡು, ಹೊಳೆ ಮೂರೂ ಸಿಗಬೇಕು, ಸಂಜೆಗೆ ಕಾರು ನಿಲ್ಲಿಸಿದಲ್ಲಿಗೇ ಬರಬೇಕು. ಹೋದ ದಾರಿಯಲ್ಲೇ ವಾಪಸ್ ಬರುವುದು ಬೇಡ. ಇಂಥದ್ದು ಎಲ್ಲಾದರೂ ಇದೆಯಾ? (ದಾವಣಗೆರೆಯ ಓದುಗರು)

ಉತ್ತರ: ಇದೆ. ಊರಿಗೊಂದು ಇದೆ ಅಂದರೂ ತಪ್ಪಿಲ್ಲ. ಆದರೆ ಬೋರ್ಡು, ಬಾಣದ ಗುರುತು ಹುಡುಕಿದರೆ ಸಿಗುವುದಿಲ್ಲ. ಬಯಲುಸೀಮೆಯ ಹಾಗೆ ನಮ್ಮಲ್ಲಿ ಮನೆಗಳೆಲ್ಲ ಒಂದೇ ಕಡೆ ಇರುವುದಿಲ್ಲ. ಇಲ್ಲೊಂದು ಮನೆ, ಗುಡ್ಡದಾಚೆ ಎರಡು, ಹೊಳೆ ಬದಿಗೆ ನಾಲ್ಕು. ಮನೆಯಿಂದ ಗದ್ದೆಗೆ, ಸೊಪ್ಪು ತರಲು ಬೆಟ್ಟಕ್ಕೆ, ದರಗು (ಉದುರಿದ ಒಣ ಎಲೆ) ಗುಡಿಸಲು ಕಾನಿಗೆ (ದಟ್ಟ ಕಾಡಿಗೆ), ಬಟ್ಟೆ ಒಗೆಯಲು ಹೊಳೆಗೆ, ಶಾಲೆಗೆ, ದೇವಸ್ಥಾನಕ್ಕೆ, ನೆಂಟರ ಮನೆಗೆ ಅಂತ ನಡೆದೂ ನಡೆದೂ ಆದ ದಾರಿಗಳಿವೆ. ಇಂಥ ನಾಲ್ಕೈದು ತುಂಡು ಜೋಡಿಸಿದರೆ ಒಂದು ಸುತ್ತು ಆಯಿತು.

ನಮ್ಮೂರಿನ ಸುತ್ತನ್ನೇ ಹೇಳುತ್ತೇನೆ, ಅಂದಾಜು ಸಿಗುತ್ತದೆ. ತೀರ್ಥಹಳ್ಳಿ ತಾಲ್ಲೂಕು, ತುಂಗೆಯ ದಡ. ಒಟ್ಟು 11 ಕಿ.ಮೀ., ಏರಿಕೆ 250 ಮೀಟರ್ ಅಷ್ಟೇ. ಬೆಳಿಗ್ಗೆ ಏಳಕ್ಕೆ ಶಾಲೆಯ ಹತ್ತಿರದಿಂದ ಹೊರಡುತ್ತೇವೆ. ಮೊದಲು ಗದ್ದೆಯ ಅಂಚು, ಆಮೇಲೆ ಅಡಿಕೆ ತೋಟ, ತೋಟದ ನಡುವೆ ಹಳ್ಳ, ಹಳ್ಳಕ್ಕೊಂದು ಸಂಕ. ಅಡಿಕೆ ಮರ ಸೀಳಿದ ಮೂರು ದಬ್ಬೆ, ಹಿಡಿದುಕೊಳ್ಳಲು ಒಂದು ಬದಿಗೆ ಬಿದಿರಿನ ಗಳ, ಸಂಕ ಅಂದರೆ ಇಷ್ಟೇ. ದಬ್ಬೆಯ ಮೇಲೆ ಪಾಚಿ ಕಟ್ಟಿರುತ್ತದೆ. ಒಬ್ಬರು ದಾಟಿದ ಮೇಲೆ ಇನ್ನೊಬ್ಬರು ಹೋಗಿ. ಪಾದ ಅಡ್ಡಡ್ಡ ಇಡಿ. ಕೆಳಗೆ ಹರಿಯುವ ನೀರು ನೋಡಿದರೆ ತಲೆ ತಿರುಗುತ್ತದೆ, ಆಚೆ ದಡದ ಯಾವುದಾದರೂ ಒಂದು ಕಲ್ಲು ನೋಡುತ್ತಾ ನಡೆಯಿರಿ.

ಸಂಕ ದಾಟಿದರೆ ಸೊಪ್ಪಿನ ಬೆಟ್ಟ. ತೋಟಕ್ಕೆ ಸೊಪ್ಪು ಕಡಿದೂ ಕಡಿದೂ ಇಲ್ಲಿನ ಮರಗಳು ಕಂಬದ ಹಾಗಿರುತ್ತವೆ, ಬಿಸಿಲು ನೇರ ನೆತ್ತಿಗೆ ಬೀಳುತ್ತದೆ. ಅರ್ಧ ಗಂಟೆ ಏರಿದರೆ ಕಾನು. ಕಾನಿಗೆ ಕಾಲಿಟ್ಟಿದ್ದು ಕಣ್ಣು ಮುಚ್ಚಿಕೊಂಡಿದ್ದರೂ ಗೊತ್ತಾಗುತ್ತದೆ. ಅಲ್ಲಿಯವರೆಗೆ ಚರಚರ ಅನ್ನುತ್ತಿದ್ದ ದರಗು ಸುಮ್ಮನಾಗುತ್ತದೆ, ಒದ್ದೆ ಎಲೆಯ ಮೇಲೆ ಕಾಲು ಮೆತ್ತಗೆ ಇಳಿಯುತ್ತದೆ, ಬೆವರಿದ ಬೆನ್ನು ತಣ್ಣಗಾಗುತ್ತದೆ. ಸುತ್ತ ಧೂಪ, ಹೆಬ್ಬಲಸು, ರಾಮಪತ್ರೆ ಮರಗಳು. ಮೇಲೆಲ್ಲೋ ಮಂಗಟ್ಟೆ ಹಕ್ಕಿ ನಕ್ಕ ಹಾಗೆ ಕೂಗುತ್ತದೆ. ಬೆಳಗಿನ ಹೊತ್ತು ಕಾಡುಕೋಣ ಎದುರಾಗುವುದೂ ಉಂಟು. ಹಾಗಾದರೆ ನಿಂತಲ್ಲೇ ನಿಲ್ಲಿ, ನಿಧಾನ ಹಿಂದೆ ಸರಿಯಿರಿ, ಅದು ದಾಟಿ ಹೋಗಲಿ.

ಒಂಬತ್ತೂವರೆಗೆ ಗುಡ್ಡದ ನೆತ್ತಿ. ಅಲ್ಲಿ ಬರೀ ಹುಲ್ಲು, ಹಾಸುಬಂಡೆ. ಮೋಡ ಇಲ್ಲದಿದ್ದರೆ ಕುಂದಾದ್ರಿಯ ತಲೆ ಕಾಣುತ್ತದೆ. ಬುತ್ತಿ ಬಿಚ್ಚುವುದು ಅಲ್ಲೇ. ಇಳಿಯುವುದು ಹಳೇ ಗಾಡಿದಾರಿಯಲ್ಲಿ. ಅದು ನಡುವೆ ಅಕೇಶಿಯಾ ಪ್ಲಾಂಟೇಶನ್ ಒಳಗೆ ಹೋಗಿ ಮಾಯವಾಗುತ್ತದೆ. ಅಲ್ಲಿ ಒಮ್ಮೆ ನಮಗೆ ದಾರಿ ತಪ್ಪಿತ್ತು. ಸಾಲು ಸಾಲು ಮರ, ಎಲ್ಲ ಸಾಲೂ ಒಂದೇ ತರ, ಒಂದೂವರೆ ಗಂಟೆ ತಿರುಗಿ ಮತ್ತೆ ಅದೇ ಹುತ್ತದ ಹತ್ತಿರ ಬಂದು ನಿಂತಿದ್ದೆವು. ಕೊನೆಗೆ ಇಳಿಜಾರಿನ ಕಡೆಗೇ ಇಳಿದು, ಗಡಿಯ ಅಗಳು (ಕಂದಕ) ಸಿಕ್ಕಿದ ಮೇಲೆ ಅದರ ಪಕ್ಕದಲ್ಲೇ ನಡೆದು ಹೊರಗೆ ಬಂದೆವು. ಅವತ್ತಿನಿಂದ ಇಂಥ ಕಡೆ ಹತ್ತು ಹೆಜ್ಜೆಗೊಮ್ಮೆ ಹಿಂದೆ ತಿರುಗಿ ನೋಡುವ ಅಭ್ಯಾಸ ಮಾಡಿಕೊಂಡಿದ್ದೇನೆ. ಬಂದ ದಾರಿ ಹಿಂದಿನಿಂದ ನೋಡಿದರೆ ಬೇರೆಯದೇ ದಾರಿಯ ಹಾಗೆ ಕಾಣುತ್ತದೆ, ವಾಪಸ್ ಹೋಗಬೇಕಾದರೆ ಆ ನೋಟ ನೆನಪಿರಬೇಕು.

ಕೊನೆಯ 4 ಕಿ.ಮೀ. ಹೊಳೆ ದಡ. ಸುತ್ತನ್ನು ಯಾವ ಕಡೆಯಿಂದ ಶುರು ಮಾಡಬೇಕು ಅಂತ ಯಾರೂ ಕೇಳುವುದಿಲ್ಲ, ನನ್ನ ಪ್ರಕಾರ ಮೊದಲು ಕೇಳಬೇಕಾದ್ದೇ ಅದು. ಗುಡ್ಡ ಮೊದಲು, ಹೊಳೆ ಕೊನೆಗೆ ಇರಲಿ. ಅಕ್ಟೋಬರ್‌ನಲ್ಲಿ ಹಿಂಗಾರಿನ ಗುಡುಗು ಸಿಡಿಲು ಬರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಆ ಹೊತ್ತಿಗೆ ಬೋಳು ನೆತ್ತಿಯ ಮೇಲೆ ಇರಬಾರದು. ಸಂಜೆ ಸುಸ್ತಾದಾಗಲೇ ದಾರಿ ತಪ್ಪುವುದು ಜಾಸ್ತಿ, ಆಗ ಹೊಳೆ ಎಡಗೈ ಪಕ್ಕದಲ್ಲಿ ಹರಿಯುತ್ತಿದ್ದರೆ ತಪ್ಪಿಸಿಕೊಳ್ಳಬೇಕೆಂದರೂ ಆಗುವುದಿಲ್ಲ.

ಹೊತ್ತಿನ ಲೆಕ್ಕಕ್ಕೆ ಬರೋಣ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಒಂದು ಸೂತ್ರವನ್ನು ಬೆಟ್ಟ ಹತ್ತುವವರು ಇವತ್ತಿಗೂ ಬಳಸುತ್ತಾರೆ: ಸುಮಾರು 5 ಕಿ.ಮೀ.ಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಆ ಪ್ರಕಾರ ನಮ್ಮ ಸುತ್ತು ಎರಡೂ ಮುಕ್ಕಾಲು ಗಂಟೆಯೊಳಗೆ ಮುಗಿಯಬೇಕು. ನಮಗೆ ಐದೂವರೆ ಗಂಟೆ ಬೇಕಾಗುತ್ತದೆ. ಸಂಕ, ಜಾರುವ ಬೇರು, ಮುಳ್ಳಿನ ಹಳು, ಕಾಲಿಗೆ ಹತ್ತಿದ ಇಂಬಳ (ಜಿಗಣೆ) ಕೀಳುವುದು, ಒಂದು ಮನೆಯಲ್ಲಿ ಮಜ್ಜಿಗೆ ಕುಡಿಯದೆ ಬಿಡದಿರುವುದು ಎಲ್ಲ ಸೇರಿ ಹಾಗಾಗುತ್ತದೆ. ಹಾಗಾಗಿ ನೈಸ್ಮಿತ್ ಲೆಕ್ಕ ಮಾಡಿ ಎರಡರಿಂದ ಗುಣಿಸಿ. ಉತ್ತರ ಆರು ಗಂಟೆ ದಾಟಿದರೆ ಆ ಸುತ್ತು ನಿಮಗೆ ಮೊದಲ ಸಲಕ್ಕೆ ಬೇಡ.

ನಕ್ಷೆಗೆ ಸರ್ವೆ ಆಫ್ ಇಂಡಿಯಾದ 1:50,000 ಹಾಳೆ ಸಾಕು. ಅದರಲ್ಲಿ 2 ಸೆಂ.ಮೀ. ಅಂದರೆ ನೆಲದ ಮೇಲೆ 1 ಕಿ.ಮೀ. ಎತ್ತರದ ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರ ದೂರ ಇದ್ದರೆ ನಿಧಾನ ಏರು. ಕಂದಾಯ ಇಲಾಖೆಯ ಗ್ರಾಮ ನಕಾಶೆಯಲ್ಲಿ ಹಳೇ ಬಂಡಿದಾರಿ, ಕಾಲುದಾರಿಗಳನ್ನು ಚುಕ್ಕಿ ಗೆರೆಯಲ್ಲಿ ತೋರಿಸಿರುತ್ತಾರೆ. ಫೋನಿನ ಮ್ಯಾಪನ್ನು ಮನೆಯಲ್ಲೇ ಇಳಿಸಿಕೊಂಡು ಬನ್ನಿ, ಕಾನಿನೊಳಗೆ ನೆಟ್‌ವರ್ಕ್ ಇರುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಕೊನೇ ಮನೆಯಲ್ಲಿ ಕೇಳಲೇಬೇಕು. "ಈ ದಾರಿ ಹೊಳೆಗೆ ಹೋಗ್ತದಾ?" ಅಂತ ಕೇಳಿದರೆ "ಹೋಗ್ತದೆ" ಅಂದುಬಿಡುತ್ತಾರೆ, ಏಕೆಂದರೆ ಸುತ್ತಿ ಬಳಸಿ ಎಲ್ಲ ದಾರಿಯೂ ಹೊಳೆಗೇ ಹೋಗುತ್ತದೆ. "ಇದು ಎಲ್ಲಿಗೆ ಹೋಗ್ತದೆ?" ಅಂತ ಕೇಳಿ. "ಈ ವರ್ಷ ಸಂಕ ಹಾಕಿದಾರಾ?" ಅಂತ ಕೇಳಿ. ಮಳೆಗೆ ಸಂಕ ಕೊಚ್ಚಿಹೋಗಿದ್ದರೆ ಅದನ್ನು ಯಾವ ನಕ್ಷೆಯೂ ಹೇಳುವುದಿಲ್ಲ.

ಪ್ರಶ್ನೆ: ಮ್ಯಾಪ್ ನೋಡಿಕೊಂಡು ನಡೆಯುತ್ತಾ ಒಂದು ತೋಟದೊಳಗೆ ಹೋಗಿಬಿಟ್ಟೆವು. ಯಜಮಾನರು ಚೆನ್ನಾಗಿ ಬೈದರು. ಯಾವುದು ಖಾಸಗಿ, ಯಾವುದು ಸರ್ಕಾರದ್ದು ಅಂತ ತಿಳಿಯುವುದು ಹೇಗೆ? ಕಾಡಿಗೆ ಅನುಮತಿ ಬೇಕಾ? (ಬೆಂಗಳೂರಿನ ಓದುಗರು)

ಉತ್ತರ: ನಿಮಗೆ ಬೇಜಾರಾಗಿದೆ, ಅರ್ಥವಾಗುತ್ತದೆ. ಆದರೆ ಅವರ ಕಡೆಯಿಂದಲೂ ನೋಡಿ. ಕೊಯ್ಲಿನ ಹೊತ್ತಿಗೆ ಅಡಿಕೆ, ಮೆಣಸು ಕಳ್ಳತನವಾಗುತ್ತದೆ. ಗುರುತಿಲ್ಲದ ನಾಲ್ಕು ಜನ ತೋಟದ ನಡುವೆ ಕಂಡರೆ ಯಾರಿಗಾದರೂ ಎದೆ ಧಸಕ್ ಅನ್ನುತ್ತದೆ. ತೋಟಕ್ಕೆ ಇಳಿಯುವ ಮೊದಲು ಅಂಗಳದ ಆಚೆಯೇ ನಿಂತು "ಮನೇಲಿ ಯಾರಿದ್ದೀರಿ?" ಅಂತ ಒಂದು ಕೂಗು ಹಾಕಿ. ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುತ್ತೀರಿ ಅಂತ ಹೇಳಿ. ಹತ್ತರಲ್ಲಿ ಒಂಬತ್ತು ಮನೆಯವರು ತಾವೇ ಬಂದು ದಾರಿ ತೋರಿಸುತ್ತಾರೆ.

ಇನ್ನೊಂದು ವಿಷಯ, ಇದು ನನಗೆ ಬಹಳ ಮುಖ್ಯ. ದಾರಿಗೆ ಅಡ್ಡ ಎರಡು ಗೂಟ, ಗೂಟಕ್ಕೆ ತೂತು, ತೂತಿನೊಳಗೆ ಮೂರು ನಾಲ್ಕು ಗಳ ತೂರಿಸಿರುವುದನ್ನು ನೋಡಿರುತ್ತೀರಿ. ಅದಕ್ಕೆ ಉಣುಗೋಲು ಅಂತಾರೆ, ಸಾಗರದ ಕಡೆ ದಣಪೆ. ದನ ತೋಟಕ್ಕೆ ನುಗ್ಗದ ಹಾಗೆ ಇರುವ ತಡೆ ಅದು. ಗಳ ಸರಿಸಿ ದಾಟಿದರೆ, ದಾಟಿದ ಕೂಡಲೇ ಒಂದೊಂದನ್ನೂ ಮೊದಲಿದ್ದ ತೂತಿಗೇ ಸೇರಿಸಿ. ಕೆಳಗಿನದ್ದನ್ನು ಬಿಟ್ಟರೆ ಕರು ನುಗ್ಗುತ್ತದೆ, ಮೇಲಿನದ್ದನ್ನು ಬಿಟ್ಟರೆ ದನ ಹಾರುತ್ತದೆ. ಒಂದು ರಾತ್ರಿ ದನ ಒಳಗೆ ಹೋದರೆ ಒಂದು ವರ್ಷದ ಸಸಿ ಹೋಯಿತು ಅಂತಲೇ ಲೆಕ್ಕ. ಕರೆಂಟ್ ಹರಿಯುವ ಐಬೆಕ್ಸ್ ಬೇಲಿಯ ತಂತಿಯನ್ನಂತೂ ಮುಟ್ಟಲೇಬೇಡಿ.

ಜಾಗ ಯಾರದ್ದು ಅನ್ನುವುದಕ್ಕೆ ದಿಶಾಂಕ್ ಆ್ಯಪ್ ಇದೆ. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಸೊಪ್ಪಿನ ಬೆಟ್ಟ ಸರ್ಕಾರದ್ದೇ ಆದರೂ ಅಲ್ಲಿ ಸೊಪ್ಪಿನ ಹಕ್ಕು ತೋಟದವರಿಗಿದೆ, ಹಾಗಾಗಿ ಅಲ್ಲೂ ಒಂದು ಮಾತು ಕೇಳುವುದೇ ಸರಿ. ಮೀಸಲು ಅರಣ್ಯ, ಅಭಯಾರಣ್ಯಗಳಿಗೆ ಅನುಮತಿ ಇಲ್ಲದೆ ಹೋಗುವ ಹಾಗೇ ಇಲ್ಲ. ಶಿವಮೊಗ್ಗದ ಪಕ್ಕದಲ್ಲೇ ಶೆಟ್ಟಿಹಳ್ಳಿ ಅಭಯಾರಣ್ಯ ಇದೆ, ಕೊಡಚಾದ್ರಿ ಇರುವುದು ಮೂಕಾಂಬಿಕಾ ಅಭಯಾರಣ್ಯದಲ್ಲಿ. ಇಂಥ ಕಡೆಗಳಿಗೆ ಅರಣ್ಯ ಇಲಾಖೆಯನ್ನು ಕೇಳಿಕೊಂಡೇ ಹೊರಡಿ.

ಪ್ರಶ್ನೆ: ಇಂಬಳಕ್ಕೆ ಏನು ಮಾಡಬೇಕು? ಮಂಗನ ಕಾಯಿಲೆಯ ಸುದ್ದಿ ಓದಿ ಮನೆಯವರು ಕಾಡಿಗೇ ಹೋಗಬೇಡಿ ಅನ್ನುತ್ತಿದ್ದಾರೆ. (ಹುಬ್ಬಳ್ಳಿಯ ಓದುಗರು)

ಉತ್ತರ: ಎರಡೂ ಬೇರೆ ಬೇರೆ, ಎರಡರ ಕಾಲವೂ ಬೇರೆ. ಇಂಬಳ ಮಳೆಗಾಲದ್ದು. ಅದು ಕಚ್ಚಿದರೆ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ, ಅದಕ್ಕೇ ಬಿದ್ದುಹೋದ ಮೇಲೂ ರಕ್ತ ಸೋರುತ್ತಿರುತ್ತದೆ, ನೋಡಿ ಗಾಬರಿಯಾಗುವುದು ಬೇಡ. ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ. ನಮ್ಮಲ್ಲಿ ಹೊಗೆಸೊಪ್ಪು, ಸುಣ್ಣ ಹಚ್ಚುತ್ತಾರೆ. ಕಚ್ಚಿದ ಇಂಬಳವನ್ನು ಅದರ ಬಾಯಿಯ ಕಡೆಯಿಂದ ಉಗುರಿನಲ್ಲಿ ಸರಿಸಿ ಬಿಡಿಸಿದರೆ ಸಾಕು. ಗಾಯ ತೊಳೆದು ಒತ್ತಿ ಹಿಡಿಯಿರಿ.

ಮಂಗನ ಕಾಯಿಲೆ ಹಾಗಲ್ಲ, ಅದನ್ನು ಹಗುರವಾಗಿ ತಗೊಳ್ಳಬಾರದು. 1957ರಲ್ಲಿ ಇದೇ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಗಿದ್ದು. ಹರಡುವುದು ಉಣುಗಿನಿಂದ, ಅಂದರೆ ಮೈಗೆ ಹತ್ತಿ ರಕ್ತ ಹೀರುವ ಉಣ್ಣೆಯಿಂದ. ಡಿಸೆಂಬರ್‌ನಿಂದ ಮೇವರೆಗೆ ಇದರ ಕಾಲ. ಉಣುಗಿನ ಮರಿ ಎಳ್ಳು ಕಾಳಿಗಿಂತಲೂ ಸಣ್ಣದು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಆ ತಿಂಗಳುಗಳಲ್ಲಿ ಊರಿನವರೇ ಕಾಡಿಗೆ ಹೋಗಲು ಹಿಂದೆ ಮುಂದೆ ನೋಡುತ್ತಾರೆ. ನೀವು ಸುಮ್ನೆ ತಿರುಗಾಡಲು ಹೋಗುವ ಅಗತ್ಯ ಇಲ್ಲ. ಹೋಗಲೇಬೇಕಾದವರು ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಹಂಚುವ ಡೀಪಾ ತೈಲ ಹಚ್ಚಿಕೊಂಡು, ಮೈ ತುಂಬ ಬಟ್ಟೆ ಹಾಕಿಕೊಂಡು ಹೋಗುತ್ತಾರೆ, ದರಗಿನ ಮೇಲೆ ಕೂರುವುದಿಲ್ಲ. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡುತ್ತಾರೆ. ಮಂಡಿಯ ಹಿಂದೆ, ಸೊಂಟ, ಕಂಕುಳು, ಕಿವಿಯ ಹಿಂದೆ ಬೆಳಕಿನಲ್ಲಿ ನೋಡಿಕೊಳ್ಳಬೇಕು. ಮಂಗ ಸತ್ತು ಬಿದ್ದಿದ್ದು ಕಂಡರೆ ಹತ್ತಿರ ಹೋಗದೆ ಅಲ್ಲಿಂದಲೇ ವಾಪಸ್ ಬನ್ನಿ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಿಳಿಸಿ. ಕಾಡಿಗೆ ಹೋಗಿ ಬಂದ ಒಂದೆರಡು ವಾರದೊಳಗೆ ಇದ್ದಕ್ಕಿದ್ದ ಹಾಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ "ಮಲೆನಾಡಿನ ಕಾಡಿಗೆ ಹೋಗಿದ್ದೆ" ಅಂತ ನೀವಾಗಿಯೇ ಹೇಳಬೇಕು. ಹುಬ್ಬಳ್ಳಿಯಲ್ಲಿ ಅವರಿಗೆ ಅದು ಮೊದಲು ಹೊಳೆಯದೇ ಇರಬಹುದು, ಅಲ್ವಾ?

ಇಂಬಳ ಕಡಿಮೆಯಾಗಿ, ಉಣುಗು ಇನ್ನೂ ಏಳದ ಕಾಲ ಒಂದಿದೆ. ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ. ಹಳ್ಳದಲ್ಲಿ ನೀರೂ ಇರುತ್ತದೆ, ಗದ್ದೆ ಹಳದಿಯಾಗಿರುತ್ತದೆ. ಆಗ ಬನ್ನಿ.

ಪ್ರಶ್ನೆ: ಸುತ್ತು ಮುಗಿಸಿ ತುಂಗೆಯಲ್ಲಿ ಈಜಬಹುದಾ? ನಮಗೆಲ್ಲ ಈಜು ಬರುತ್ತದೆ. (ಶಿವಮೊಗ್ಗದ ಕಾಲೇಜು ವಿದ್ಯಾರ್ಥಿ)

ಉತ್ತರ: ಬೇಡ ತಮ್ಮಾ. ಕೆರೆ, ಈಜುಕೊಳದಲ್ಲಿ ಕಲಿತ ಈಜು ಹೊಳೆಗೆ ಸಾಲುವುದಿಲ್ಲ. ತುಂಗೆಯ ತಳ ಬಂಡೆ, ಬಂಡೆಯೊಳಗೆ ನೀರು ಕೊರೆದ ಗುಂಡಿಗಳಿವೆ. ಮಂಡಿಯುದ್ದ ನೀರಿನಲ್ಲಿ ನಿಂತವನ ಮುಂದಿನ ಹೆಜ್ಜೆಗೆ ಎರಡಾಳು ಆಳ ಇರುತ್ತದೆ. ಮೇಲೆ ಘಟ್ಟದಲ್ಲಿ ಮಳೆಯಾದರೆ ಇಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ. ಊರಿನವರು ದಿನಾ ಸ್ನಾನ ಮಾಡುವ ಜಾಗ ಕೇಳಿಕೊಂಡು, ಅಲ್ಲಿ ಕಾಲು ಇಳಿಬಿಟ್ಟು ಕೂತುಕೊಳ್ಳಿ. ದಣಿದ ಕಾಲಿಗೆ ಅಷ್ಟು ಸಾಕು.

ಪ್ರಶ್ನೆ: ಅಮ್ಮನಿಗೆ 68. ಮಂಡಿ ನೋವಿದೆ, ಆದರೂ ನಡೆಯುವ ಆಸೆ. ಅವರಿಗೂ ಆಗುವಂಥ ಸುತ್ತು ಇದೆಯಾ? (ಭದ್ರಾವತಿಯ ಓದುಗರು)

ಉತ್ತರ: ಕುಪ್ಪಳಿಗೆ ಕರೆದುಕೊಂಡು ಹೋಗಿ. ಕುವೆಂಪು ಅವರ ಕವಿಮನೆ ನಿಧಾನ ನೋಡಿ, ಅಲ್ಲಿಂದ ಕವಿಶೈಲಕ್ಕೆ ಹತ್ತಿ. ದೂರ ಜಾಸ್ತಿ ಇಲ್ಲ, ಮೇಲೆ ಕವಿಯ ಸಮಾಧಿ ಇದೆ, ಬಂಡೆಯ ಮೇಲೆ ಕೂತರೆ ಕಾಡು ಅಲೆ ಅಲೆಯಾಗಿ ಕಾಣುತ್ತದೆ. ಮಂಡಿಗೆ ಕಷ್ಟ ಆಗುವುದು ಹತ್ತುವಾಗ ಅಲ್ಲ, ಇಳಿಯುವಾಗ. ಹಾಗಾಗಿ ಕಾಲುದಾರಿಯಲ್ಲಿ ಹತ್ತಿಸಿ, ವಾಹನದ ರಸ್ತೆಯಲ್ಲಿ ಇಳಿಸಿ. ಅದೂ ಒಂದು ಸುತ್ತೇ. ಕೈಗೊಂದು ಊರುಗೋಲು ಕೊಡಿ, ಮತ್ತೆ ಇಳಿಯುವಾಗ ನೀವು ಅಮ್ಮನಿಗಿಂತ ಒಂದು ಹೆಜ್ಜೆ ಮುಂದೆ ಇರಿ, ಅವರು ನಿಮ್ಮ ಹೆಗಲು ಹಿಡಿದುಕೊಳ್ಳುವ ಹಾಗೆ.