ಅರ್ಧಕ್ಕೆ ನಿಂತ ಹೊಲಿಗೆ: ಓದುಗರ ಪ್ರಶ್ನೆ, ಅಕ್ಕನ ಉತ್ತರ

ಹೋದ ಸಲ ಅಂಕಣದ ಕೊನೇಲಿ "ಮನೇಲಿ ಅರ್ಧ ಬಿಟ್ಟಿರೋ ಕೌದಿ, ಕಸೂತಿ, ಕ್ವಿಲ್ಟು ಏನಾದ್ರೂ ಇದ್ರೆ ಬರೀರಿ" ಅಂತ ಸುಮ್ನೆ ಒಂದು ಸಾಲು ಹಾಕಿದ್ದೆ. ಬಂದ ಪತ್ರ ಓದಿ ನಂಗೆ ಸಮಾಧಾನ ಆಯ್ತು, ಯಾಕಂದ್ರೆ ನನ್ನ ದಿವಾನದ ಹೊಟ್ಟೆಯೊಳಗೂ ಅಂಥವು ನಾಲ್ಕಿವೆ. ಎಲ್ಲರೂ ಬರೆದಿರೋ ಕಾರಣ ಒಂದೇ, ಟೈಮಿಲ್ಲ ಇಲ್ಲಾ ನಾನು ಸೋಮಾರಿ ಅಂತ. ನಾನಿದನ್ನ ಒಪ್ಪಲ್ಲ ಕಣ್ರೀ. ಸೀರಿಯಲ್ ನೋಡಕ್ಕೆ, ಮೊಬೈಲ್ ಉಜ್ಜಕ್ಕೆ ಟೈಮ್ ಸಿಗುತ್ತಲ್ಲ. ಹೊಲಿಗೆ ನಿಲ್ಲೋದು ಒಂದು ನಿರ್ದಿಷ್ಟ ಜಾಗದಲ್ಲಿ, ದಾರ ಮುಗೀತು, ಎಳೆ ಲೆಕ್ಕ ತಪ್ತು, ಕಣ್ಣು ಮಂಜಾಯ್ತು, ಇಲ್ಲಾ ಯಾರಿಗೋಸ್ಕರ ಹೊಲೀತಿದ್ವೋ ಅವರೇ ಇಲ್ಲದಂಗಾಯ್ತು. ಗಂಟು ತೆಗೆದು ಬಿಚ್ಚಿದಾಗ ಮೊದಲು ಹುಡುಕಬೇಕಾಗಿದ್ದು ಆ ಜಾಗ. ಕೆಳಗಿನ ಪತ್ರಗಳಲ್ಲೂ ನಾನು ಅದನ್ನೇ ಹುಡುಕಿದ್ದೀನಿ.

ಪ್ರಶ್ನೆ: ಅಕ್ಕಾರ, ನಮ್ಮ ಅವ್ವ ಹನ್ನೊಂದು ವರ್ಷದ ಹಿಂದ ಒಂದು ಕೌದಿ ಹಾಕಿದ್ಲರಿ. ಸುತ್ತ ಎಲ್ಲಾ ಹೊಲದಾಳ, ನಡಕ ಮೂರು ಗೇಣಿನಷ್ಟು ಉಳದೈತಿ. ಅಷ್ಟರಾಗ ಆಕಿ ತೀರಿಕೊಂಡ್ಲು. ಟ್ರಂಕಿನ್ಯಾಗ ಹಂಗ ಐತಿ, ಸೂಜಿನೂ ಚುಚ್ಚಿದ್ದು ಚುಚ್ಚಿದಂಗ ಐತಿ. ತಗೀತೀನಿ, ನೋಡ್ತೀನಿ, ಮತ್ತ ಮಡಚಿ ಇಡ್ತೀನಿ. ನನ್ನ ಟಾಕಿ ಆಕಿದರಂಗ ಸಣ್ಣ ಬರಂಗಿಲ್ಲ. ಎಲ್ಲಾ ಬಿಚ್ಚಿ ಒಂದ ನಮೂನಿ ಹೊಲೀಲೇನ್ರಿ? ಇಲ್ಲಾ ತೊಳದು ಹಂಗ ಹೊಚಗೊಳ್ಳೇನ್ರಿ?
(ಓದುಗರು, ಗದಗ ಕಡೆಯವರು)

ಉತ್ತರ: ಬಿಚ್ಚಬ್ಯಾಡ್ರಿ ನಮ್ಮವ್ವಾ, ತೊಳೀಲೂಬ್ಯಾಡ್ರಿ.

ಮೊದಲು ಆ ಸೂಜಿ. ಒಂದೇ ಸಲಕ್ಕೆ ಎಳೀಬೇಡಿ, ಹನ್ನೊಂದು ಮಳೆಗಾಲ ಕಂಡ ಸೂಜಿ ತುಕ್ಕು ಹಿಡಿದು ಬಟ್ಟೆಗೆ ಕಚ್ಕೊಂಡಿರುತ್ತೆ, ಎಳೆದ್ರೆ ನೂಲೂ ಕಿತ್ಕೊಂಡು ಬರುತ್ತೆ, ಬೆರಳಲ್ಲಿ ಅತ್ಲಾಗೆ ಇತ್ಲಾಗೆ ತಿರುವಿ ತಿರುವಿ ಸಡಿಲ ಮಾಡಿ ತೆಗೀರಿ. ತುಕ್ಕಿನ ಕಲೆ ಇದ್ರೆ ಈಗ ಬಿಟ್ಬಿಡಿ. ಕೌದಿ ಪೂರ್ತಿ ಆಗಿ ಒಗೆಯೋ ಹೊತ್ತಿಗೆ ನಿಂಬೆರಸ, ಉಪ್ಪು ಹಚ್ಚಿ ಸ್ವಲ್ಪ ಹೊತ್ತು ಬಿಸಿಲಿಗಿಟ್ಟು ತೊಳೆದ್ರೆ ಕಾಟನ್ ಬಟ್ಟೆ ಮೇಲಿಂದ ಬಹಳಷ್ಟು ಹೋಗುತ್ತೆ. ಬಣ್ಣದ ಬಟ್ಟೆ ಆದ್ರೆ ಒಂದು ಮೂಲೇಲಿ ಹಚ್ಚಿ ನೋಡಿ, ನಿಂಬೆ ಬಣ್ಣಾನೂ ತಿನ್ನುತ್ತೆ.

ಈಗ ತೊಳೀಬೇಡಿ ಅಂದಿದ್ದು ಯಾಕಂದ್ರೆ ನಡುವೆ ಪದರಗಳನ್ನ ಹಿಡಿದಿಡೋ ಹೊಲಿಗೆ ಇಲ್ಲ. ನೀರು ಬಿದ್ರೆ ಒಳಗಿನ ಹಳೇ ಸೀರೆ, ಧೋತರ ಎಲ್ಲಾ ಮುದ್ದೆಯಾಗಿ ಒಂದ್ಕಡೆ ಸೇರ್ಕೊಳ್ಳುತ್ತೆ, ಆಮೇಲೆ ದೇವರೇ ಬಂದ್ರೂ ಸಮ ಆಗಲ್ಲ. ಎರಡು ದಿನ ಎಳೆ ಬಿಸಿಲಿಗೆ ಎರಡೂ ಮಗ್ಗುಲು ಹಾಕಿ, ಕೊಡವಿ, ಮುಗ್ಗಲು ವಾಸನೆ ಹೋಗ್ಲಿ ಸಾಕು. ಆಮೇಲೆ ಬಟ್ಟೆ ಗಟ್ಟಿ ಇದ್ಯಾ ನೋಡಿ. ಎರಡು ಹೆಬ್ಬೆರಳ ಮಧ್ಯೆ ಹಿಡಿದು ಮೆತ್ತಗೆ ಎಳೀರಿ, ಪರ್ ಅಂತ ಹರಿದ್ರೆ ಅದರ ಮೇಲೆ ಬೇರೆ ತುಂಡು ಇಟ್ಟು ಹೊಲೀರಿ. ಕೌದಿ ಅಂದ್ರೇನೇ ತೇಪೆ ಮೇಲೆ ತೇಪೆ, ಅದಕ್ಕೆ ನಾಚಿಕೆ ಏನಿಲ್ಲ.

ಈಗ ಅಸಲಿ ತೊಂದ್ರೆ. ಸುತ್ತ ಹೊಲಿದು ನಡುವೆ ಬಿಟ್ಟ ಕೌದಿಲಿ ಮೇಲಿನ ಬಟ್ಟೆ ಉಬ್ಬಿಕೊಂಡು ನಿಂತಿರುತ್ತೆ, ಅಂಚಿಂದ ಒಳಕ್ಕೆ ಹೊಲೀತಾ ಬಂದಷ್ಟೂ ಹೆಚ್ಚಾಗಿದ್ದೆಲ್ಲ ನಡುವಿಗೇ ತಳ್ಕೊಂಡು ಬಂದಿರುತ್ತೆ. ಹಂಗೇ ಮುಂದುವರಿಸಿದ್ರೆ ಕೊನೇಗೆ ದೊಡ್ಡ ನೆರಿಗೆ ಬೀಳುತ್ತೆ. ಅದಕ್ಕೆ ಮೊದಲು ಉಳಿದ ಜಾಗದ ನಟ್ಟನಡುವೆ ಉದ್ದುದ್ದ ಕಚ್ಚಾ ಟಾಕಿ ಹಾಕಿ ಪ್ಲಸ್ ಆಕಾರದಲ್ಲಿ ನಾಲ್ಕು ಭಾಗ ಮಾಡಿ, ಆಮೇಲೆ ಪ್ರತಿ ಭಾಗದ ನಡುವೆ ಇನ್ನೊಂದು ಟಾಕಿ. ಒಂದು ದೊಡ್ಡ ಉಬ್ಬು ಹೋಗಿ ನಾಲ್ಕೆಂಟು ಸಣ್ಣ ಉಬ್ಬು ಆಗುತ್ತೆ, ಅವು ಹೊಲಿಗೆಯೊಳಗೇ ಅಡಗಿ ಹೋಗ್ತವೆ. ಆಮೇಲೆ ಅವ್ವ ಬಿಟ್ಟ ಸಾಲಿಂದಲೇ ಹಿಡಿದು, ಅವರು ಸಾಲಿಗೆ ಸಾಲಿಗೆ ಎಷ್ಟು ಜಾಗ ಬಿಟ್ಟಿದಾರೋ ಅಷ್ಟೇ ಬಿಟ್ಟು ಸುತ್ತು ಹಾಕ್ತಾ ಒಳಗೆ ಬನ್ನಿ, ಕಚ್ಚಾ ದಾರ ಕೊನೇಗೆ ಕಿತ್ತು ತೆಗೀರಿ.

ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಹೆಂಗಸರು ಹೊಲಿಯೋ ಕವಂದಿನೂ ಹಿಂಗೇ, ಒಂದು ಮೂಲೇಲಿ ಶುರುವಾಗಿ ಅಂಚು ಹಿಡ್ಕೊಂಡು ಸುತ್ತಿ ಸುತ್ತಿ ನಡುವೆ ಬಂದು ಮುಗಿಯುತ್ತೆ. ಅವರು ಮೂಲೆಗಳಿಗೆ ಬಟ್ಟೆ ಮಡಚಿ ತ್ರಿಕೋನದ ಫೂಲ, ಅಂದ್ರೆ ಹೂವು, ಇಡ್ತಾರೆ, ಅದಿಲ್ಲದ ಕೌದಿ ಬೆತ್ತಲೆ ಇದ್ದಂಗೆ ಅಂತ ಅವರಲ್ಲೊಂದು ಮಾತಿದೆ. ನಿಮ್ಮ ಅವ್ವನ ಕೌದಿಗೆ ಮೂಲೆ ಹೇಗಿದೆ ಅಂತ ಬರೀಲಿಲ್ಲ ನೀವು.

ನಿಮ್ಮ ಟಾಕಿ ದೊಡ್ಡದು ಬರುತ್ತೆ ಅನ್ನೋ ಚಿಂತೆ ನಂಗಂತೂ ಅರ್ಥ ಆಗ್ಲಿಲ್ಲ. ಓಣಿ ಕಟ್ಟೆ ಮೇಲೆ ಒಂದು ಕೌದಿಗೆ ಮೂರು ನಾಲ್ಕು ಮಂದಿ ಕೂತು ಹೊಲೀತಿದ್ದನ್ನ ನೀವೂ ನೋಡಿರ್ತೀರಿ, ಅದರಾಗ ಯಾವ ಸಾಲು ಯಾರದು ಅಂತ ಯಾರು ಅಳತೆ ಹಿಡಿದು ನೋಡಿದಾರೆ? ನಿಮ್ಮ ಕೌದಿನೂ ಇಬ್ಬರು ಕೂತು ಹೊಲಿದದ್ದು, ಅಷ್ಟೇ.

ಪ್ರಶ್ನೆ: ಮೇಡಂ, 2016ರಲ್ಲಿ ಕಸೂತಿ ಕ್ಲಾಸಿಗೆ ಸೇರಿ ರೇಷ್ಮೆ ಸೀರೆ ಸೆರಗಿಗೆ ಗೋಪುರ, ತುಳಸಿಕಟ್ಟೆ, ಆನೆ ಶುರು ಮಾಡಿದೆ. ಹಿಂದೆ ಮುಂದೆ ಒಂದೇ ಥರ ಕಾಣಬೇಕು ಅಂತ ಹೇಳಿಕೊಟ್ಟಿದ್ರು, ನಂದು ಹಿಂದೆ ಕಾಡು ಥರ ಇದೆ. ಗೋಪುರ ಅರ್ಧಕ್ಕೆ ನಿಂತಿದೆ. ಮುಗಿಸಬಹುದಾ?
(ಓದುಗರು, ಮೈಸೂರು)

ಉತ್ತರ: ನಿಮಗೆ ಹೇಳಿಕೊಟ್ಟೋರು ಪೂರ್ತಿ ಹೇಳಿಲ್ಲ ಅನ್ಸುತ್ತೆ. ಧಾರವಾಡದ ಕಸೂತಿಲಿ ನಾಲ್ಕು ಹೊಲಿಗೆ, ಗವಂತಿ, ಮುರ್ಗಿ, ನೇಗಿ, ಮೆಂತಿ. ಎರಡೂ ಕಡೆ ಒಂದೇ ಥರ ಬರೋದು ಗವಂತಿ ಮತ್ತೆ ಮುರ್ಗಿ ಮಾತ್ರ. ನೇಗಿ ನೇಯ್ಗೆ ಥರ, ಮುಂದೆ ದಾರ ಕಂಡಲ್ಲಿ ಹಿಂದೆ ಖಾಲಿ, ಹಿಂದೆ ಕಂಡಲ್ಲಿ ಮುಂದೆ ಖಾಲಿ. ಮೆಂತಿ ಅಂದ್ರೆ ಕ್ರಾಸ್ ಸ್ಟಿಚ್ಚೇ, ಅದರ ಹಿಂಭಾಗ ಮುಂದಿನ ಥರ ಬರೋದೇ ಇಲ್ಲ. ಆನೆ ಮೈ ತುಂಬಕ್ಕೆ ಮೆಂತಿ ಹಾಕಿ ಹಿಂದೆ ಚೆನ್ನಾಗಿಲ್ಲ ಅಂತ ಅಳ್ತಾ ಇದ್ರೆ ಕಣ್ಣೊರೆಸಿಕೊಳ್ಳಿ.

ಗೋಪುರದ ಗವಂತಿ ಕೆಟ್ಟಿದ್ರೆ ಅದು ದಾರಿ ತಪ್ಪಿದ್ದು. ಹೋಗ್ತಾ ಒಂದು ಬಿಟ್ಟು ಒಂದು ಟಾಕಿ, ಬರ್ತಾ ಬಿಟ್ಟಿದ್ದನ್ನ ತುಂಬೋದು, ಇಷ್ಟೇ ಗವಂತಿ. ಆದ್ರೆ ಗೋಪುರಕ್ಕೆ ಕವಲು ಜಾಸ್ತಿ. ಕವಲು ಸಿಕ್ಕಿದ ತಕ್ಷಣ ಅದರ ತುದಿಗೆ ಹೋಗಿ, ತುಂಬ್ಕೊಂಡು ವಾಪಸ್ ಬಂದು, ಆಮೇಲೆ ಮುಖ್ಯ ದಾರಿ ಹಿಡೀಬೇಕು, "ಬರ್ತಾ ನೋಡ್ಕೊಳ್ಳೋಣ" ಅಂತ ಬಿಟ್ಟು ಹೋದ್ರೆ ಬರೋವಾಗ ಕವಲು ಮರೆತು ಹೋಗಿ ದಾರ ಹಿಂದಿಂದ ಹಾರಬೇಕಾಗುತ್ತೆ, ಆ ಹಾರಿಕೆನೇ ನಿಮ್ಮ ಕಾಡು. ಚೌಕದ ಹಾಳೆ ಮೇಲೆ ಪೆನ್ಸಿಲ್ ಎತ್ತದೆ ಒಂದು ಸಲ ನಡೆದು ನೋಡಿ, ಆಮೇಲೆ ಸೂಜಿ ಹಿಡೀರಿ. ಗವಂತಿ ಅನ್ನೋ ಹೆಸರೇ ಗಂಟಿಂದ ಬಂದಿದ್ದು ಅಂತಾರೆ, ತಮಾಷೆ ಅಂದ್ರೆ ಕಸೂತಿಲಿ ಗಂಟೇ ಹಾಕಂಗಿಲ್ಲ, ದಾರದ ತುದೀನ ಹೊಲಿದ ಟಾಕಿ ಅಡಿಗೇ ಓಡಿಸಿ ಕತ್ತರಿಸಬೇಕು.

ಇನ್ನೊಂದು ವಿಷಯ. ಎಳೆ ಎಣಿಸಿ ಹೊಲಿಯೋ ಕೆಲಸಕ್ಕೆ ನುಣುಪು ರೇಷ್ಮೆ ತಗೊಂಡಿದ್ದೇ ನೀವು ನಿಂತ ಜಾಗ ಇರಬಹುದು. ಎಳೆ ಕಾಣ್ತಿಲ್ಲ ಅಂದ್ರೆ ಮೇಲೆ ಎಳೆ ಎದ್ದು ಕಾಣೋ ತೆಳು ಮ್ಯಾಟಿ ಬಟ್ಟೆ ತುಂಡು ಟಾಕಿ ಹಾಕಿ ಅದರ ಮೇಲೆ ಎಣಿಸಿ ಹೊಲೀರಿ, ಮುಗಿದ ಮೇಲೆ ಮ್ಯಾಟಿಯ ಎಳೆಗಳನ್ನ ಒಂದೊಂದಾಗಿ ಎಳೆದು ತೆಗೀಬಹುದು. ಹಾಗೂ ಆಗಲ್ಲ ಅಂದ್ರೆ ಗೋಪುರದ ಶಿಖರ ಬಿಟ್ಬಿಡಿ. ಕೆಳಗಿನ ಮೆಟ್ಟಿಲಷ್ಟೇ ಮುಗಿಸಿ, ಪಕ್ಕ ಎರಡು ತುಳಸಿಕಟ್ಟೆ ಇಡಿ, ನೋಡಿದವರಿಗೆ ಅದು ಅರ್ಧ ಗೋಪುರ ಅಂತ ಹೊಳೆಯೋದೂ ಇಲ್ಲ.

ಪ್ರಶ್ನೆ: ನನ್ನ ಹೆಂಡತಿ ಮದುವೆಗೆ ಮುಂಚೆ ಶುರು ಮಾಡಿದ್ದ ಮ್ಯಾಟಿ ಟೇಬಲ್ ಕ್ಲಾತು, ಗಿಳಿ, ದ್ರಾಕ್ಷಿ ಬಳ್ಳಿ ಇರೋದು, 28 ವರ್ಷದಿಂದ ಹಾಗೇ ಇದೆ. ಆನಿವರ್ಸರಿಗೆ ಯಾರ ಕೈಲಾದ್ರೂ ಮುಗಿಸಿ ಸರ್‌ಪ್ರೈಸ್ ಕೊಡೋಣ ಅಂತಿದ್ದೀನಿ. ಹಸಿರು ದಾರ ಮಾತ್ರ ಮ್ಯಾಚ್ ಆಗ್ತಿಲ್ಲ.
(ಓದುಗರು, ದಾವಣಗೆರೆ)

ಉತ್ತರ: ಸಾರ್, ದಯವಿಟ್ಟು ಬೇಡ. ಅವರು ಮದುವೆಗೆ ಮುಂಚಿನ ಹುಡುಗಿಯಾಗಿ ಹಾಕಿದ ಗಿಳಿಗೆ ಇನ್ಯಾರೋ ದುಡ್ಡಿಗೆ ಬಾಲ ಹಾಕಿಕೊಟ್ರೆ ಅದು ಸರ್‌ಪ್ರೈಸ್ ಆಗಲ್ಲ, ಜಗಳ ಆಗುತ್ತೆ. ದಾರ ತಂದುಕೊಡಿ, ಒಂದು ಒಳ್ಳೇ ಟೇಬಲ್ ಲ್ಯಾಂಪ್ ತಂದುಕೊಡಿ, ಸಂಜೆ ಅಡುಗೆ ನೀವು ಮಾಡಿ. 28 ವರ್ಷ ಅದು ಯಾಕೆ ನಿಂತಿದೆ ಅನ್ನೋದಕ್ಕೆ ಉತ್ತರ ಬಹುಶಃ ಅಡುಗೆಮನೇಲೇ ಇದೆ.

ದಾರದ ಬಗ್ಗೆ ಹೇಳ್ಬೇಕಂದ್ರೆ, ಹಳೇ ಲಡಿಯ ಸುತ್ತು ಕಾಗದ ಉಳಿದಿದ್ಯಾ ನೋಡಿ, ಆಂಕರ್ ದಾರಕ್ಕೆಲ್ಲ ಬಣ್ಣದ ನಂಬರ್ ಇರುತ್ತೆ, ನಂಬರ್ ಹೇಳಿದ್ರೆ ಅಂಗಡಿಯವರೇ ಕೊಡ್ತಾರೆ. ಆದ್ರೂ ಪೂರಾ ಮ್ಯಾಚ್ ಆಗಲ್ಲ, ಯಾಕಂದ್ರೆ ನಿಮ್ಮ ಮನೆ ಹಸಿರು 28 ವರ್ಷ ಮಾಸಿದೆ. ಲಡಿಲಿ ಆರು ಎಳೆ ಇರುತ್ತಲ್ಲ, ಎರಡೆಳೇಲಿ ಹೊಲಿಯೋದಾದ್ರೆ ಒಂದೆಳೆ ಆ ನಂಬರಿನ ಹಸಿರು, ಒಂದೆಳೆ ಅದಕ್ಕಿಂತ ತಿಳಿ ಹಸಿರು ಸೇರಿಸಿ ಹೊಲಿದ್ರೆ ಮಾಸಲು ಬಣ್ಣಕ್ಕೆ ಹತ್ತಿರ ಬರುತ್ತೆ. ಹೊಸ ಹಸಿರನ್ನ ಒಂದೇ ಮೂಲೇಲಿ ಗುಡ್ಡೆ ಹಾಕ್ಬೇಡಿ, ನಾಲ್ಕೂ ಕಡೆ ಎಲೆಗಳಲ್ಲಿ ಹಂಚಿದ್ರೆ ಡಿಸೈನೇ ಹಂಗಿದೆ ಅನ್ಕೋತಾರೆ ಜನ.

ಪ್ರಶ್ನೆ: ಅಕ್ಕ, ನಾನು ನ್ಯೂಜೆರ್ಸಿಲಿ ಇದೀನಿ. ಲಾಕ್‌ಡೌನ್ ಟೈಮಲ್ಲಿ ಕ್ವಿಲ್ಟಿಂಗ್ ಹುಚ್ಚು ಹತ್ತಿ ರೋಟರಿ ಕಟರ್, ಮ್ಯಾಟು, ಬಟ್ಟೆ ಎಲ್ಲಾ ತಗೊಂಡೆ. ಕ್ವೀನ್ ಸೈಜ್ ಬೆಡ್‌ಗೆ ಅಂತ ಪ್ಲಾನ್, 12 ಇಂಚಿನ ಬ್ಲಾಕ್ ಐದು ಆಗಿ ನಿಂತೋಯ್ತು. ಇಲ್ಲಿಯವರು ಇಂಥದ್ದಕ್ಕೆ ಯುಎಫ್‌ಓ ಅಂತ ಹೆಸರಿಟ್ಟಿದ್ದಾರೆ. ನೋಡಿದಾಗೆಲ್ಲ ಗಿಲ್ಟು.
(ಓದುಗರು, ಅಮೆರಿಕ)

ಉತ್ತರ: ಅನ್‌ಫಿನಿಶ್ಡ್ ಆಬ್ಜೆಕ್ಟ್ ಅಂತ ತಾನೇ, ಹೆಸರಿಟ್ಟ ಮೇಲೆ ಗಿಲ್ಟು ಯಾಕಮ್ಮ, ಊರಿಗೆಲ್ಲ ಇರೋ ಕಾಯಿಲೆ ಅಂತಾಯ್ತಲ್ಲ. ನೀನು ನಿಂತಿದ್ದು ಕ್ವೀನ್ ಸೈಜ್ ಅನ್ನೋ ಮಾತಲ್ಲಿ. ಮೊದಲ ಕ್ವಿಲ್ಟೇ ಮಂಚದಗಲ ಹೊಲೀತೀನಿ ಅನ್ನೋದು, ಅಡುಗೆ ಕಲಿಯಕ್ಕೆ ಮುಂಚೆ ಮದುವೆ ಊಟ ಒಪ್ಕೊಂಡಂಗೆ.

ಲೆಕ್ಕ ಹಾಕು. ನಾಲ್ಕು ಬ್ಲಾಕು ಎರಡಕ್ಕೆ ಎರಡು ಜೋಡಿಸಿದ್ರೆ 24 ಇಂಚು ಚೌಕ, ಸುತ್ತ ಆರು ಇಂಚಿನ ಬಾರ್ಡರ್ ಕೊಟ್ರೆ 36. ಮಗುವಿನ ಕ್ವಿಲ್ಟ್ ಆಯ್ತು, ಗೆಳತಿಯರಲ್ಲಿ ಯಾರಾದ್ರೂ ಬಸುರಿ ಇದ್ದೇ ಇರ್ತಾರೆ. ಐದನೇ ಬ್ಲಾಕು ಹಿಂಭಾಗದ ಬಟ್ಟೆ ನಡುವೆ ಸೇರಿಸು. ಬ್ಯಾಟಿಂಗ್, ಅಂದ್ರೆ ಕ್ವಿಲ್ಟ್ ಒಳಗಿಡೋ ಮೆತ್ತನೆ ಪದರ, ಅದರ ಪ್ಯಾಕೆಟ್ ಮೇಲೆ ಹೊಲಿಗೆ ಸಾಲುಗಳ ನಡುವೆ ಹೆಚ್ಚಂದ್ರೆ ಎಷ್ಟು ಇಂಚು ಬಿಡಬಹುದು ಅಂತ ಬರೆದಿರ್ತಾರೆ, ಅಷ್ಟು ಹೊಲಿದ್ರೆ ಸಾಕು, ವೀಡಿಯೋಲಿ ನೋಡ್ದಂಗೆ ಇಂಚಿಂಚೂ ತುಂಬಬೇಕಿಲ್ಲ. ಬ್ಯಾಟಿಂಗೇ ತಂದಿಲ್ಲ ಅಂದ್ರೆ ಸೂಟ್‌ಕೇಸಲ್ಲಿ ಉಡದೇ ಇರೋ ಕಾಟನ್ ಸೀರೆ ಇರುತ್ತಲ್ಲ, ಅದನ್ನ ಒಗೆದು ಎರಡು ಮೂರು ಪದರ ಮಡಚಿ ಒಳಗಿಡು. ಅಲ್ಲಿಗೆ ನಿನ್ನ ಅಮೆರಿಕನ್ ಕ್ವಿಲ್ಟು ಕೌದಿ ಆಗಿರುತ್ತೆ, ಯಾರಿಗೂ ಹೇಳ್ಬೇಡ.

ಪ್ರಶ್ನೆ: ವಯಸ್ಸು 63. ಕಪ್ಪು ಚಂದ್ರಕಾಳಿ ಸೀರೆ ಮೇಲೆ ಕಸೂತಿ ಹಾಕೋ ಆಸೆ, ಅರ್ಧ ಆಗಿದೆ. ಕಪ್ಪು ಬಟ್ಟೇಲಿ ಎಳೆ ಕಾಣಲ್ಲ, ಸೂಜಿಗೆ ದಾರ ಪೋಣಿಸೋದರಲ್ಲೇ ಅರ್ಧ ಗಂಟೆ.
(ಓದುಗರು, ಬೆಳಗಾವಿ)

ಉತ್ತರ: ತೊಡೆ ಮೇಲೆ ಬಿಳೀ ಟವಲ್ ಹಾಸ್ಕೊಂಡು ಅದರ ಮೇಲೆ ಸೀರೆ ಇಟ್ಕೊಳ್ಳಿ ಅಮ್ಮಾ, ಎಳೆಗಳ ಸಂದೀಲಿ ಬಿಳುಪು ಇಣುಕುತ್ತೆ, ಎಣಿಸಕ್ಕೆ ಬರುತ್ತೆ. ಬೆಳಿಗ್ಗೆ ಹತ್ತರ ಬೆಳಕಲ್ಲಿ ಮಾತ್ರ ಕೂತ್ಕೊಳ್ಳಿ, ರಾತ್ರಿ ಕಪ್ಪು ಬಟ್ಟೆ ಮುಟ್ಟಲೇಬೇಡಿ. ಮೊಮ್ಮಕ್ಕಳು ಸ್ಕೂಲಿಗೆ ಹೋಗೋ ಮುಂಚೆ ಹತ್ತು ಸೂಜಿಗೆ ದಾರ ಪೋಣಿಸಿ ಒಂದು ಪಿನ್ ಕುಶನ್‌ಗೆ ಚುಚ್ಚಿಟ್ಟು ಹೋಗ್ಲಿ, ದಿನಕ್ಕೆ ಅಷ್ಟು ಸಾಕು. ದಾರ ಒಂದೂವರೆ ಅಡಿಗಿಂತ ಉದ್ದ ಬೇಡ, ಸಿಕ್ಕಾಗುತ್ತೆ, ಉಜ್ಜಿ ಉಜ್ಜಿ ಜುಂಗೂ ಏಳುತ್ತೆ. ಕನ್ನಡಕದ ನಂಬರ್ ಚೆಕ್ ಮಾಡಿಸಿ ಎಷ್ಟು ದಿನ ಆಯ್ತು ಅಂತ ಕೇಳಿದ್ರೆ ಬೇಜಾರಾಗ್ಬೇಡಿ.

ಪ್ರಶ್ನೆ: ಅಜ್ಜಿಯ ಲಂಬಾಣಿ ಫೇಟಿಯಾ (ಲಂಗ) ಮತ್ತೆ ಕಾಂಚಳಿ (ರವಿಕೆ) ಇದೆ. ರಿಪೇರಿ ಮಾಡಕ್ಕೆ ಶುರು ಮಾಡಿದ್ದೆ, ನಾನು ಕೂರಿಸಿದ ಕನ್ನಡಿ ಎಲ್ಲಾ ಉದುರ್ತಿದೆ ಅಂತ ಕೈಬಿಟ್ಟೆ. ಫೆವಿಕಾಲ್ ಹಚ್ಲಾ?
(ಓದುಗರು, ಬಳ್ಳಾರಿ ಜಿಲ್ಲೆ)

ಉತ್ತರ: ಅಯ್ಯೋ, ಅಂಟು ಹತ್ತಿರಾನೂ ತರಬೇಡ, ಗಟ್ಟಿಯಾದ ಮೇಲೆ ಬಟ್ಟೇನೇ ಸೀಳುತ್ತೆ. ಕನ್ನಡಿ ಉದುರೋದು ಬುನಾದಿ ಸಡಿಲ ಇದ್ರೆ. ಮೊದಲು ಕನ್ನಡಿ ಮೇಲೆ ಅಡ್ಡ ಎರಡು, ಉದ್ದ ಎರಡು ದಾರ ಬಿಗಿಯಾಗಿ ಚೌಕಟ್ಟಿನ ಥರ ಹಾಕು, ಕನ್ನಡಿಯ ಅಂಚಿಗೆ ತೀರಾ ಹತ್ತಿರ ಬೇಡ, ಸ್ವಲ್ಪ ಒಳಗೆ ಇರ್ಲಿ. ಆಮೇಲೆ ಆ ಚೌಕಟ್ಟನ್ನೇ ಹಿಡ್ಕೊಂಡು ಸುತ್ತ ಕಾಜಾ ಹೊಲಿಗೆ ಹಾಕ್ತಾ ಬಂದ್ರೆ ದಾರ ಹೊರಗೆ ಎಳೆದು ಕನ್ನಡಿ ಕಚ್ಕೊಂಡು ಕೂರುತ್ತೆ. ಅಂಚು ಚೂಪಿದ್ರೆ ದಾರ ಕುಯ್ಯುತ್ತೆ, ಕೂರಿಸೋ ಮುಂಚೆ ಕಲ್ಲಿಗೆ ಒಂದು ಸಲ ಉಜ್ಜು. ನಿಮ್ಮ ಪಕ್ಕದ ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲೇ ಜಿಐ ಟ್ಯಾಗ್ ಸಿಕ್ಕಿದೆ, ಅಲ್ಲಿ ಕುಶಲ ಕಲಾ ಕೇಂದ್ರದಲ್ಲಿ ಕೆಲಸ ಮಾಡೋ ಹೆಂಗಸರ ಕೈ ಒಂದು ದಿನ ಹೋಗಿ ನೋಡು, ನಾನು ಬರೆದು ಹೇಳೋದಕ್ಕಿಂತ ಬೇಗ ತಲೆಗೆ ಹೋಗುತ್ತೆ.

ಪ್ರಶ್ನೆ: ಇಷ್ಟೆಲ್ಲ ಬೇಡ ಅಕ್ಕಾ, ಅರ್ಧ ಆಗಿರೋದನ್ನ ಬಿಸಾಕಬಹುದಾ?
(ಓದುಗರು, ಬೆಂಗಳೂರು)

ಉತ್ತರ: ಬಿಸಾಕಬಹುದು. ಡಿಸೈನ್ ಈಗ ಇಷ್ಟಾನೇ ಆಗ್ತಿಲ್ಲ ಅಂದ್ರೆ ಹಿಡ್ಕೊಂಡು ಕೂರೋದ್ರಲ್ಲಿ ಅರ್ಥ ಇಲ್ಲ. ಹೂಪು, ಸೂಜಿ, ಉಳಿದ ದಾರ ಮಾತ್ರ ತೆಗೆದಿಟ್ಕೊಳ್ಳಿ. ಬಟ್ಟೆ ಕಾಟನ್ ಆಗಿದ್ರೆ ಗದಗದವರಿಗೆ ತೇಪೆಗೆ ಬೇಕಾಗಬಹುದು, ನಂಗೆ ಕಳಿಸಿ.