ಪೆಟ್ರೋಲ್ ಮೀಟರ್ ಇಲ್ಲದ ಹಳೇ ಬುಲೆಟ್‌ನಲ್ಲಿ ಎಷ್ಟು ಪೆಟ್ರೋಲ್ ಉಳಿದಿದೆ ಎಂದು ತಿಳಿಯುವುದು ಹೇಗೆ?

ಹಳೇ ಬುಲೆಟ್ 350 ತಗೊಂಡಿದ್ದೀರಿ, ಶಿವಮೊಗ್ಗದಿಂದ ಆಗುಂಬೆ ಕಡೆ ಓಡಾಡುತ್ತೀರಿ, ಹೊರಗಿನಿಂದ ಒಂದು ಪೆಟ್ರೋಲ್ ಮೀಟರ್ ಕೂರಿಸಲಾ ಎಂದು ಕೇಳಿದ್ದೀರಿ. ಬೇಡ ಬಿಡಿ. ಕಿಲೋಮೀಟರ್ ಲೆಕ್ಕ ಇಟ್ಟರೆ ಸಾಕು. ಘಾಟಿ ರಸ್ತೆಯಲ್ಲಿ ಮೀಟರಿನ ಮುಳ್ಳು ಏರಿನಲ್ಲಿ ಒಂದು ಹೇಳುತ್ತದೆ, ಇಳಿಜಾರಿನಲ್ಲಿ ಇನ್ನೊಂದು.

ಅಂದಹಾಗೆ, ಹೆಡ್‌ಲೈಟ್ ಡೂಮ್ ಮೇಲೆ ಸಣ್ಣ ಮುಳ್ಳಿನ ಮೀಟರ್ ಒಂದು ಇದೆಯಲ್ಲ, ಅದು ಪೆಟ್ರೋಲಿನದಲ್ಲ. ಬ್ಯಾಟರಿ ಚಾರ್ಜ್ ಆಗುತ್ತಿದೆಯಾ ಇಲ್ವಾ ಎಂದು ತೋರಿಸುವ ಆಂಪಿಯರ್ ಮೀಟರ್. ಮುಳ್ಳು ನಡುವೆ ನಿಂತಿದ್ದು ನೋಡಿ ಅರ್ಧ ಟ್ಯಾಂಕ್ ಇದೆ ಅಂದುಕೊಳ್ಳುವ ಹೊಸಬರು ಇದ್ದಾರೆ!

ಮೊದಲು ನಿಮ್ಮ ಗಾಡಿಯ ರಿಸರ್ವ್ ಎಷ್ಟು ಅಂತ ಅಳೆದುಕೊಳ್ಳಿ. ರಿಸರ್ವ್ ಅಂದರೆ ಬೇರೆ ಟ್ಯಾಂಕ್ ಅಲ್ಲ. ಟ್ಯಾಂಕ್ ಕೆಳಗಿನ ನಲ್ಲಿ, ಅಂದರೆ ಪೆಟ್ರೋಲ್ ಕಾಕ್‌ನಿಂದ ಟ್ಯಾಂಕ್ ಒಳಗೆ ಒಂದು ಕೊಳವೆ ಎತ್ತರಕ್ಕೆ ನಿಂತಿರುತ್ತದೆ. ಕಾಕ್ 'ಆನ್'ನಲ್ಲಿದ್ದಾಗ ಆ ಕೊಳವೆಯ ಬಾಯಿಂದ ಮಾತ್ರ ಪೆಟ್ರೋಲ್ ಇಳಿಯುತ್ತದೆ. ಮಟ್ಟ ಅದಕ್ಕಿಂತ ಕೆಳಗೆ ಹೋದರೆ ಗಾಡಿ ಮುಗ್ಗರಿಸುತ್ತದೆ. ರಿಸರ್ವ್‌ಗೆ ತಿರುಗಿಸಿದರೆ ತಳದ ತೂತಿನಿಂದ ಬರುತ್ತದೆ.

ಫುಲ್ ಟ್ಯಾಂಕ್ ಮಾಡಿಸಿ, ಸ್ಪೀಡೋಮೀಟರಿನಲ್ಲಿ ಎಷ್ಟು ಕಿ.ಮೀ. ಆಗಿದೆ ಅಂತ ಓದಿ ಫೋನಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ರಿಸರ್ವ್‌ಗೆ ಬೀಳುವವರೆಗೆ ಊರೊಳಗೇ, ಸವಳಂಗ ರಸ್ತೆಯಲ್ಲೋ ಬಿ.ಎಚ್. ರಸ್ತೆಯಲ್ಲೋ ಓಡಿಸಿ. ಬಿದ್ದ ತಕ್ಷಣ ಬಂಕ್‌ಗೆ ಹೋಗಿ ಮತ್ತೆ ಫುಲ್ ಮಾಡಿಸಿ. ಟ್ಯಾಂಕ್ 14 ಲೀಟರಿನದು ಅಂತಿಟ್ಟುಕೊಳ್ಳಿ, 12 ಲೀಟರ್ ಹಿಡಿಯಿತು. ಹಾಗಾದರೆ ರಿಸರ್ವ್ 2 ಲೀಟರ್. ಅಷ್ಟರಲ್ಲಿ 360 ಕಿ.ಮೀ. ಓಡಿದ್ದರೆ ಲೀಟರಿಗೆ 30. ಕಾಗದದ ಮೇಲೆ ರಿಸರ್ವ್‌ನಲ್ಲಿ 60 ಕಿ.ಮೀ. ಹೋಗಬಹುದು, ಆದರೆ ನಾನಾದರೆ 40ರ ಮೇಲೆ ನಂಬುವುದಿಲ್ಲ. ಘಾಟಿಯಲ್ಲಿ ಎರಡು, ಮೂರನೇ ಗೇರ್‌ನಲ್ಲೇ ಹತ್ತಬೇಕು, ಹಿಂದೆ ಒಬ್ಬರು ಕೂತಿರುತ್ತಾರೆ, ಮೈಲೇಜ್ ಬಿದ್ದೇ ಬೀಳುತ್ತದೆ. ಕೊನೆಯ ಸ್ವಲ್ಪ ಪೆಟ್ರೋಲ್ ಕಾಕ್‌ಗೆ ಬರುವುದೂ ಇಲ್ಲ.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿ.ಮೀ., ಅಲ್ಲಿಂದ ಆಗುಂಬೆಗೆ ಇನ್ನೊಂದು 30 ಚಿಲ್ಲರೆ. ಹೋಗಿ ಬರಲು ಆರೇಳು ಲೀಟರ್ ಸಾಕು. ಫುಲ್ ಟ್ಯಾಂಕ್ ಇದ್ದವರಿಗೆ ತೊಂದರೆಯೇ ಇಲ್ಲ. ಕೈ ಕೊಡುವುದು ಪ್ರತಿ ಸಲ 200 ರೂಪಾಯಿಗೆ ಹಾಕಿಸುವ ಅಭ್ಯಾಸ. ಈಗಿನ ದರಕ್ಕೆ ಅದು 2 ಲೀಟರ್ ಬರುವುದೂ ಕಷ್ಟ, ಲೆಕ್ಕ ಎಲ್ಲಿಂದ ಶುರು ಮಾಡುವುದು ಅಂತಲೇ ಗೊತ್ತಾಗುವುದಿಲ್ಲ. ಕಿ.ಮೀ. ಅಂಕಿ ತಿರುಗಿಸುವ ಸ್ಪೀಡೋ ಕೇಬಲ್ ತುಂಡಾಗಿದ್ದರೂ ಅದೇ ಗತಿ. ಮೊದಲು ಅದನ್ನು ಹಾಕಿಸಿ.

ಪೆಟ್ರೋಲ್ ತುಂಬಿಸಿದ ಮೇಲೆ ಕಾಕ್ ವಾಪಸ್ 'ಆನ್'ಗೆ ತಿರುಗಿಸಿ. ಮರೆತರೆ ಮುಂದಿನ ಸಲ ಮುಗ್ಗರಿಸುವ ಎಚ್ಚರಿಕೆಯೇ ಸಿಗುವುದಿಲ್ಲ, ಸೀದಾ ಖಾಲಿ.

ಇನ್ನು ನಮ್ಮ ಮಳೆ. ಟ್ಯಾಂಕ್ ಮುಚ್ಚಳದ ವಾಷರ್ ಹಳತಾಗಿದ್ದರೆ ನೀರು ಒಳಗೆ ಇಳಿಯುತ್ತದೆ. ನೀರು ಪೆಟ್ರೋಲಿಗಿಂತ ಭಾರ, ತಳಕ್ಕೆ ಹೋಗಿ ಕೂರುತ್ತದೆ, ತುಕ್ಕಿನ ಪುಡಿಯೂ ಅಲ್ಲೇ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ನೀರು ಜಾಸ್ತಿಯಾದರೆ ಎರಡೂ ಸೇರಿ ಕೆಳಗೆ ಬೇರೆಯಾಗುತ್ತವೆ. ತಿಂಗಳುಗಟ್ಟಲೆ 'ಆನ್'ನಲ್ಲೇ ಓಡಿಸಿ, ಜೋರು ಮಳೆಯಲ್ಲಿ ಘಾಟಿ ನಡುವೆ ರಿಸರ್ವ್‌ಗೆ ತಿರುಗಿಸಿದಿರಿ ಅನ್ನಿ, ಮೊದಲು ಕಾರ್ಬೊರೇಟರ್‌ಗೆ ಬರುವುದೇ ಆ ಕೊಳೆ. ಹಾಗಾಗಿ ಮಳೆಗಾಲಕ್ಕೆ ಮುಂಚೆ ಮೆಕ್ಯಾನಿಕ್ ಹತ್ತಿರ ಕಾಕ್ ಬಿಚ್ಚಿಸಿ ತಳ ತೊಳೆಸಿ, ಹೊಸ ವಾಷರ್ ಹಾಕಿಸಿ. ಊರಲ್ಲಿದ್ದಾಗ ಆಗಾಗ ಸ್ವಲ್ಪ ದೂರ ರಿಸರ್ವ್‌ನಲ್ಲೇ ಓಡಿಸುವುದೂ ಒಳ್ಳೆಯದು.

ಪೆಟ್ರೋಲ್ ಇದ್ದೂ ಗಾಡಿ ನಿಂತರೆ ಮುಚ್ಚಳ ಒಮ್ಮೆ ತೆಗೆದು ಹಾಕಿ. ಅದರಲ್ಲಿ ಗಾಳಿಗೆ ಒಂದು ಸಣ್ಣ ತೂತು ಇರುತ್ತದೆ, ಕೆಸರು ಕಟ್ಟಿಕೊಂಡರೆ ಪೆಟ್ರೋಲ್ ಇಳಿಯುವುದಿಲ್ಲ. ಒಳಗೆ ನೋಡಲು ಟಾರ್ಚ್ ಬೆಳಕು ಹಾಯಿಸಿ. ಬೆಂಕಿಕಡ್ಡಿ, ಲೈಟರ್ ಹತ್ತಿರವೂ ತರಬೇಡಿ.

ನಿಜವಾಗಿಯೂ ಖಾಲಿಯಾದರೆ ಗಾಡಿಯನ್ನು ಕಾಕ್ ಇರುವ ಬದಿಗೆ ಚೆನ್ನಾಗಿ ವಾಲಿಸಿ. ಟ್ಯಾಂಕ್ ಚಾಸಿ ಮೇಲೆ ತಡಿಯ ಹಾಗೆ ಕೂತಿರುವುದರಿಂದ ಇನ್ನೊಂದು ಬದಿಯಲ್ಲಿ ಒಂದಿಷ್ಟು ಪೆಟ್ರೋಲ್ ಸಿಕ್ಕಿಕೊಂಡಿರುತ್ತದೆ. ವಾಲಿಸಿದರೆ ಈ ಕಡೆ ಬಂದು ಸ್ವಲ್ಪ ದೂರ ಸಾಗಬಹುದು. ಹಳ್ಳಿಗಳಲ್ಲಿ ಕೆಲವು ಅಂಗಡಿಗಳವರು ಬಾಟಲಿಯಲ್ಲಿ ಪೆಟ್ರೋಲ್ ಇಟ್ಟಿರುತ್ತಾರೆ, ರೇಟು ಜಾಸ್ತಿ. ಬಟ್ಟೆಯಲ್ಲಿ ಸೋಸಿ ಒಂದು ಲೀಟರ್ ಹಾಕಿಕೊಂಡು ಬಂಕ್ ಮುಟ್ಟಿ. ಅಲ್ಲಿ ಫುಲ್ ಮಾಡಿಸುವವರೆಗೆ ಫೋನಿನಲ್ಲಿರುವ ಹಳೇ ಲೆಕ್ಕ ನಡೆಯುವುದಿಲ್ಲ.